ಟವೆಲ್ ಹಾಕಿದ ಸೀಟು

ರಾಯಚೂರು ಬಸ್ ಸ್ಟ್ಯಾಂಡಿನಲ್ಲಿ ದೇವದುರ್ಗದ ಕೊನೆಯ ಬಸ್ಸಿಗೆ ಸೀಟು ಹಿಡಿಯುವುದೆಂದರೆ ಕುಸ್ತಿ ಹಿಡಿದ ಹಾಗೆಯೇ. ಬಸ್ಸು ನಿಲ್ಲುವುದಕ್ಕೂ ಮುಂಚೆ ಅದರ ಜೊತೆ ಓಡಿ ಕಿಟಕಿಯೊಳಗೆ ಟವೆಲ್ ಎಸೆಯಬೇಕು. ಟವೆಲ್ ಬಿತ್ತೋ, ಸೀಟು ನಿಮ್ಮದು. ಆಮೇಲೆ ತಹಸೀಲ್ದಾರರೇ ಬಂದರೂ ಅದನ್ನು ಸರಿಸಿ ಕೂರುವ ಹಾಗಿಲ್ಲ. ಈ ವಿದ್ಯೆ ನನಗೆ ಕಲಿಸಿದವಳು ನಮ್ಮ ಅಮ್ಮಿ, ಹೀರಾಬಿ. ದೇವದುರ್ಗದಲ್ಲಿ ಓಣಿ ಓಣಿ ತಿರುಗಿ ಬಳೆ ಇಡಿಸುತ್ತಿದ್ದಳು. ಮಾಲು ತರಲು ರಾಯಚೂರಿಗೆ ಬಂದಾಗಲೆಲ್ಲ ತಾನು ಬಳೆಯ ಗಂಟು ಕಾಯುತ್ತ ನಿಂತು ನನ್ನನ್ನು ಮುಂದೆ ಓಡಿಸುತ್ತಿದ್ದಳು. "ಗಂಡಸರ ತಲಿ ನೋಡಬ್ಯಾಡ ಕುಲ್ಸುಮ್, ಸೀಟ್ ನೋಡು, ಒಗಿ" ಅನ್ನುತ್ತಿದ್ದಳು.

ಆ ಸಂಜೆಯೂ ಹಾಗೇ ಒಗೆದೆ. ಇಬ್ಬರು ಕೂರುವ ಸೀಟು ಸಿಕ್ಕಿತು. ಕಿಟಕಿಯ ಕಡೆ ನಾನು, ಪಕ್ಕದಲ್ಲಿ ಟವೆಲ್. ಆ ಟವೆಲ್ ನನ್ನ ತಮ್ಮ ಜಿಲಾನಿ ಪಾಷಾನ ಸಲುವಾಗಿ. ನನ್ನ ಗಂಡ ಅಬ್ದುಲ್ ವಹೀದ್ ನಿಂತು ಬರಲಿ, ಅವರು ನಿಂತಲ್ಲೇ ನಿದ್ದೆ ಮಾಡುವ ಮನುಷ್ಯ. ಅವರನ್ನು ರೈಲ್ವೆ ಸ್ಟೇಷನ್ನಿಗೆ ಕಳಿಸಿದ್ದೆ. ಬಾಂಬೆ ಗಾಡಿ ಬಂದ ಕೂಡಲೇ ಪಾಷಾನನ್ನು ಟಾಂಗಾದಲ್ಲಿ ಕೂರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬರಬೇಕು. ನಾನು ಬಸ್ಸು ಹಿಡಿದಿಟ್ಟುಕೊಳ್ಳಬೇಕು. ಇಷ್ಟೇ ನಮ್ಮ ಏರ್ಪಾಟು.

ಪಾಷಾ ಜೆಡ್ಡಾದಲ್ಲಿ ಗಾರೆ ಕೆಲಸಕ್ಕೆ ಹೋಗಿ ಮೂರು ವರ್ಷವಾಗಿತ್ತು. ಅಮ್ಮಿ ತೀರಿಕೊಂಡಾಗ ಅವನ ಶೇಠ್ ರಜೆ ಕೊಡಲಿಲ್ಲ. ಮಣ್ಣಿಗೆ ಬರಲಾಗಲಿಲ್ಲ, ಮುಖ ನೋಡಲಾಗಲಿಲ್ಲ. ಅತ್ತೂ ಕರೆದೂ ಕೊನೆಗೆ ನಲವತ್ತನೇ ದಿನದ ಫಾತೆಹಾಕ್ಕೆ ರಜೆ ಸಿಕ್ಕಿತು. ಫಾತೆಹಾ ಮಾರನೇ ದಿನ ಬೆಳಗಿನ ನಮಾಜಾದ ಕೂಡಲೇ. ಜಾಲಹಳ್ಳಿಯಿಂದ ನೆಂಟರು ಆಗಲೇ ಬಂದು ಕೂತಿದ್ದರು. ಈ ಬಸ್ಸು ತಪ್ಪಿದರೆ ಮುಂದಿನದು ಬೆಳಿಗ್ಗೆ. ಅದು ಊರು ಮುಟ್ಟುವ ಹೊತ್ತಿಗೆ ಜನ ಊಟ ಮಾಡಿ ಕೈ ತೊಳೆದಿರುತ್ತಾರೆ. ಬಾಡಿಗೆ ಕಾರು ಅನ್ನಬೇಡಿ, ಆಗ ಅವು ಮದುವೆ ಮನೆಯವರಿಗಷ್ಟೇ ಸಿಗುತ್ತಿದ್ದವು. ಮಣ್ಣಿಗೆ ತಪ್ಪಿದ ಮಗ ನಲವತ್ತಕ್ಕೂ ತಪ್ಪಿದರೆ ಅವನು ಆಮೇಲೆ ಆ ಮನೆಯಲ್ಲಿ ಹೇಗೆ ಕಾಲಿಡುತ್ತಾನೆ ಅನ್ನುವುದೇ ನನಗೆ ಚಿಂತೆ. ಕೂತಲ್ಲಿ ಕೂರಲಾಗುತ್ತಿರಲಿಲ್ಲ, ಮುಳ್ಳಿನ ಮೇಲೆ ಕೂತ ಹಾಗಿತ್ತು.

ವಿಮಾನ, ರೈಲು, ಬಸ್ಸು. ಮೂರೂ ಇರುವುದು ಮನುಷ್ಯನನ್ನು ಮನೆಗೆ ಮುಟ್ಟಿಸಲಿಕ್ಕೇ. ಆದರೆ ಆಸ್ತಿ ಪಾಲಾದ ಅಣ್ಣತಮ್ಮಂದಿರ ಹಾಗೆ ಒಂದರ ಮುಖ ಒಂದು ನೋಡುವುದಿಲ್ಲ. ಬಾಂಬೆ ಗಾಡಿ ಮಧ್ಯಾಹ್ನ ಬರಬೇಕಾದದ್ದು, ಬರುವುದು ಸಂಜೆ. ನಮ್ಮ ಕೊನೆಯ ಬಸ್ಸು ಮಾತ್ರ ಹೊತ್ತು ಮುಳುಗುವ ಮುಂಚೆ ಹೊರಟೇಬಿಡುತ್ತದೆ. ಗಾಡಿ ಬಂದ ಮೇಲೆ ಬಸ್ಸು ಬಿಡಿ ಅಂತ ಊರಿನ ಹಿರಿಯರು ಹೋಗಿ ಕೇಳಿದ್ದರು. ಬಸ್ಸಿನವರು ರೈಲಿನವರನ್ನು ಕೇಳಿ ಅಂದರು, ರೈಲಿನವರು ಬಸ್ಸಿನವರನ್ನು ಕೇಳಿ ಅಂದರು. ಹಿರಿಯರು ಗಾಳಿ ಗುದ್ದಿ ಮೈ ನೋಯಿಸಿಕೊಂಡು ವಾಪಸು ಬಂದರು. ಪಕ್ಕದಲ್ಲೇ ಮಾನ್ವಿ ಬಸ್ಸುಗಳು ಒಂದರ ಹಿಂದೊಂದು ಬರುತ್ತಿದ್ದವು. "ಕಲ್ಲೂರು, ಮಾನ್ವಿ, ಬರ್ರಿ ಬರ್ರಿ" ಅಂತ ಕರೆದು ಕರೆದು ಹತ್ತಿಸಿಕೊಳ್ಳುತ್ತಿದ್ದರು. ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಬಸ್ಸು ತುಂಬಿತು. ಟವೆಲ್ ಮೇಲೆ ಎಲ್ಲರ ಕಣ್ಣು. ಗಬ್ಬೂರಿನ ಕೂಲಿ ಹೆಂಗಸು ಮೂಕಮ್ಮ ತುಂಬು ಬಸುರಿ ಮಗಳನ್ನು ಕರೆದುಕೊಂಡು ಹತ್ತಿದಳು. ದವಾಖಾನೆಗೆ ತೋರಿಸಿಕೊಂಡು ಬಂದಿದ್ದರಂತೆ. ಮಗಳು ಸೀಟಿನ ಕಂಬಿ ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕುತ್ತ ನಿಂತಳು.

"ಯಾರಿಗವ್ವಾ ಈ ಸೀಟು?" ಅಂದಳು ಮೂಕಮ್ಮ.

"ನನ್ನ ತಮ್ಮಗ. ಇನ್ನೇನ್ ಬಂದ."

"ಎಲ್ಲದಾನ?"

"ರೈಲಿನ್ಯಾಗ."

ಮೂಕಮ್ಮ ನನ್ನ ಮುಖ ನೋಡಿದಳು. ರೈಲಿನಲ್ಲಿ ಇರುವವನಿಗೆ ಬಸ್ಸಿನಲ್ಲಿ ಸೀಟು ಹಿಡಿದವಳನ್ನು ಅವಳು ಎಲ್ಲೂ ಕಂಡಿರಲಿಕ್ಕಿಲ್ಲ. ನಾನು ಕಿಟಕಿಯ ಹೊರಗೆ ನೋಡತೊಡಗಿದೆ. ಆ ಹುಡುಗಿಯ ಹೊಟ್ಟೆ ನನ್ನ ಭುಜಕ್ಕೆ ತಾಗುತ್ತಿತ್ತು. ನನಗೆ ನಾಚಿಕೆಯೂ ಆಗುತ್ತಿತ್ತು, ಸಿಟ್ಟೂ ಬರುತ್ತಿತ್ತು. ಟವೆಲ್ ಮೇಲಿಂದ ಕೈ ಮಾತ್ರ ತೆಗೆಯಲಿಲ್ಲ.

ಕಂಡಕ್ಟರ್ ತಾಯಣ್ಣ ಅಮ್ಮಿಯ ಕಾಲದಿಂದ ಗುರುತಿನವನು, ಸ್ವಲ್ಪ ಕಾಯಲು ಅವನಿಗೆ ಮೊದಲೇ ಹೇಳಿಟ್ಟಿದ್ದೆ. ಅವನು ಹತ್ತುವುದನ್ನು ಕಂಡು ನಾನು ಬಾಗಿಲಿಗೆ ಓಡಿದೆ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ನಿಂತೆ. ಹಾಗೆ ನಿಂತ ಹೆಂಗಸನ್ನು ಬಿಟ್ಟು ಬಸ್ಸು ಹೊರಡುವ ಹಾಗಿಲ್ಲ.

"ಒಂದು ಗಳಿಗಿ ತಾಯಣ್ಣ. ಪಾಷಾ ಬರಾಕತ್ತಾನ. ನಾಳೆ ಅಮ್ಮಿ ನಲವತ್ತು."

"ಗೊತ್ತದ ಅಕ್ಕಾ," ಅಂದ ಅವನು. "ನಿನ್ನ ಮಾತಿಗೆ ಆಗಲೇ ಒಂದು ಚಾ ಕುಡದು ಬಂದೀನಿ. ಇನ್ನೊಂದೂ ಕುಡಿಯಂದ್ರ ಕುಡೀತೀನಿ. ಅದರ ಮ್ಯಾಲೆ ಆಗಂಗಿಲ್ಲ."

ಪಾಪ, ಕುಡಿದು ಬಂದ. ಡ್ರೈವರ್ ಹಾರ್ನ್ ಒತ್ತತೊಡಗಿದ. ಒಳಗಿನವರು ಮೊದಲು ಗೊಣಗಿದರು, ಆಮೇಲೆ ಬೈದರು. ಒಬ್ಬ ಮುದುಕ "ಸತ್ತವರ ಸಲುವಾಗಿ ಇದ್ದವರನ್ನ ಕೊಲ್ಲತೀಯೇನಬೇ?" ಅಂದ. ನಾನೂ ಬಿಡಲಿಲ್ಲ, "ನಿನ್ನ ನಲವತ್ತಕ್ಕೂ ಯಾರಾರ ಬರಬೇಕಲ್ಲ ಯಪ್ಪಾ, ಅವರಿಗೂ ಇದೇ ಬಸ್ಸು" ಅಂದೆ. ಎರಡು ಸೀಟು ನಕ್ಕವು. ಅಷ್ಟರಲ್ಲಿ ಹಿಂದಿನಿಂದ ಮೂಕಮ್ಮನ ಧ್ವನಿ ಬಂತು. ಜಗಳದ ಧ್ವನಿಯಲ್ಲ.

"ಯವ್ವಾ, ಈಕಿಗಿ ನಿಂದ್ರಾಕ ಆಗವಲ್ದು. ಬಸ್ಸಾದ್ರೂ ಬಿಡು, ಸೀಟಾದ್ರೂ ಬಿಡು."

ಸ್ಟೇಷನ್ ರೋಡಿನ ಕಡೆ ಕೊನೆಯ ಸಲ ನೋಡಿದೆ. ಟಾಂಗಾಗಳು ಬರುತ್ತಿದ್ದವು, ಒಂದರಲ್ಲೂ ನಮ್ಮವರಿಲ್ಲ. ನೆಲದ ಮೇಲಿದ್ದ ಕಾಲು ಎತ್ತಿ ಒಳಗಿಟ್ಟೆ. ತಾಯಣ್ಣ ನನ್ನ ಮುಖ ನೋಡದೆ ಸೀಟಿ ಊದಿದ. ನಾನು ಮನೆಗೆ ಹೋಗಲೇಬೇಕಿತ್ತು, ನಾಳಿನ ಅನ್ನ, ದಾಲ್ಚಾ ಎಲ್ಲ ನನ್ನ ಕೈಮೇಲೆಯೇ ಆಗಬೇಕು. ಸೀಟಿನ ಹತ್ತಿರ ಬಂದು ಮೂಕಮ್ಮನ ಮಗಳ ಭುಜ ಹಿಡಿದು ಕೂರಿಸಿದೆ. ಟವೆಲ್ ತೆಗೆಯಲು ಮನಸ್ಸಾಗಲಿಲ್ಲ, ಅವಳು ಅದರ ಮೇಲೆಯೇ ಕೂತಳು. ನನ್ನ ಕಿಟಕಿ ಸೀಟಿನಲ್ಲಿ ಮೂಕಮ್ಮನನ್ನು ಕೂರಿಸಿ ನಾನು ನಿಂತೆ. ಅವನೇ ಇಲ್ಲದ ಮೇಲೆ ನನಗೇಕೆ ಸೀಟು?

ಊರು ದಾಟುವ ಮೊದಲು ರೈಲ್ವೆ ಗೇಟು. ಗೇಟು ಹಾಕಿತ್ತು. ಬಸ್ಸು ನಿಂತಿತು. ಇಷ್ಟು ಹೊತ್ತು ನನ್ನನ್ನು ಬೈದವರೆಲ್ಲ ಈಗ ಗೇಟನ್ನು ಬೈಯತೊಡಗಿದರು. ಬಲಗಡೆಯಿಂದ, ಕೃಷ್ಣಾ ಹೊಳೆಯ ಕಡೆಯಿಂದ, ಎಂಜಿನ್ನಿನ ಕೂಗು ಕೇಳಿಸಿತು. ಎಂಜಿನ್ ನಮ್ಮ ಮುಂದೆ ಹಾದುಹೋಯಿತು, ಡಬ್ಬಿಗಳು ಹಾದುಹೋದವು. ಆಮೇಲೆ ಓಟ ನಿಧಾನವಾಗಿ, ಕೀರಲು ಸದ್ದು ಮಾಡಿ, ಇಡೀ ಗಾಡಿ ರಸ್ತೆಗೆ ಅಡ್ಡವಾಗಿ ನಿಂತುಬಿಟ್ಟಿತು. ಸ್ಟೇಷನ್ನಿನೊಳಗೆ ಹೋಗಲು ಸಿಗ್ನಲ್ ಸಿಕ್ಕಿರಲಿಲ್ಲ.

ತಾಯಣ್ಣ ಮುಂದಿನ ಗಾಜಿನಿಂದ ಬಗ್ಗಿ ನೋಡಿದ. ಆಮೇಲೆ ಹಿಂತಿರುಗಿ ನನ್ನ ಕಡೆ ನೋಡಿದ.

"ಅಕ್ಕಾ," ಅಂದ, "ಬಾಂಬೆ ಗಾಡಿ."

ನಾನು ಹೇಗೆ ಇಳಿದೆನೋ ನನಗೆ ನೆನಪಿಲ್ಲ. ಗೇಟಿನ ಕೆಳಗೆ ನುಸುಳಿ ಡಬ್ಬಿಗಳ ಪಕ್ಕ ಕಲ್ಲುಗಳ ಮೇಲೆ ಓಡುತ್ತ "ಪಾಷಾ, ಪಾಷಾ" ಅಂತ ಕೂಗುತ್ತಿದ್ದೆ. ಒಬ್ಬಳ ಗಂಟಲಿಗೆ ಅಷ್ಟುದ್ದದ ಗಾಡಿ ಎಲ್ಲಿ ಮುಟ್ಟುತ್ತದೆ? ತಿರುಗಿ ನೋಡಿದರೆ ಹಿಂದೆ ತಾಯಣ್ಣ. ಅವನ ಹಿಂದೆ ಆ ಬೈದ ಮುದುಕ, ಅವನ ಹಿಂದೆ ಅರ್ಧ ಬಸ್ಸು. ಹಿಂದಿನ ಡಬ್ಬಿಗಳ ಕಡೆ ಕೆಲವರು ಓಡಿದರು, ಮುಂದಿನ ಕಡೆ ಕೆಲವರು. ಕಂಡು ಕೇಳದ ಮನುಷ್ಯನ ಹೆಸರನ್ನು ಎಲ್ಲರೂ ತಮ್ಮ ಮನೆಯವನ ಹೆಸರಿನಂತೆ ಕೂಗುತ್ತಿದ್ದರು. ನಮ್ಮ ಸೀಮೆಯ ಗಾಡಿಯಲ್ಲಿ ಪಾಷಾಗಳಿಗೆ ಬರವೇ? ಮೂರು ಡಬ್ಬಿಗಳಿಂದ ಮೂವರು ಓಗೊಟ್ಟರು. ಒಬ್ಬನಂತೂ ಇಳಿದೇಬಿಟ್ಟಿದ್ದ. ನಾವು ಯಾರೆಂದು ತಿಳಿಯದೆ ಹೆದರಿ ಮತ್ತೆ ಹತ್ತಿಕೊಂಡ.

ನನ್ನ ಪಾಷಾ ಬಾಗಿಲಲ್ಲೇ ನಿಂತಿದ್ದ. ಊರು ಹತ್ತಿರ ಬಂತೆಂದರೆ ಅವನಿಗೆ ಒಳಗೆ ಕೂರಲಾಗದು, ನಮ್ಮ ಮನೆತನದ ಚಾಳಿ. ಕೆನ್ನೆ ಒಳಗೆ ಹೋಗಿತ್ತು, ಬಿಸಿಲಿಗೆ ಮೈ ಕಪ್ಪಾಗಿತ್ತು. ನನ್ನನ್ನು ಹಳಿಯ ಪಕ್ಕ ಕಂಡು ಅವನ ಬಾಯಿ ತೆರೆದದ್ದು ತೆರೆದೇ ಇತ್ತು.

"ಇಳಿ," ಅಂದೆ. "ಬಸ್ಸು ಇಲ್ಲೇ ಅದ. ಕಡೀ ಬಸ್ಸು. ಇಳಿ."

"ಪೆಟ್ಟಿಗಿ ಒಳಗದ ಆಪಾ. ಸೀಟಿನ ಕೆಳಗ, ಸರಪಳಿ ಹಾಕೀನಿ."

ಗಾಡಿ ಒಮ್ಮೆ ಜಗ್ಗಿತು. ಸಿಗ್ನಲ್ ಬಿದ್ದಿತ್ತು. ಪಾಷಾ ಒಳಗೆ ಓಡಿದ. ಹೋದ, ಇವನ ಪೆಟ್ಟಿಗೆಯ ಮೋಹಕ್ಕೆ ಎಲ್ಲ ಹೋಯಿತು ಅಂದುಕೊಂಡೆ. ಚಕ್ರ ಉರುಳತೊಡಗಿತು. ಅಷ್ಟರಲ್ಲಿ ಅವನು ಬಾಗಿಲಿಗೆ ಬಂದು, ಒಳಗಿನ ಯಾರಿಗೋ ಏನೋ ಕೂಗಿ, ಎದೆಗೆ ಒಂದು ಟೇಪ್ ರೆಕಾರ್ಡರ್ ಅವುಚಿಕೊಂಡು ಹಾರಿದ. ತಾಯಣ್ಣ ಹಿಡಿದುಕೊಳ್ಳದಿದ್ದರೆ ಮೂತಿ ಒಡೆದುಕೊಳ್ಳುತ್ತಿದ್ದ. ಗಾಡಿ ಅವನ ಪೆಟ್ಟಿಗೆಯನ್ನು ಹೊತ್ತುಕೊಂಡು ಸ್ಟೇಷನ್ನಿಗೆ ಹೋಯಿತು.

ಬಸ್ಸು ಹತ್ತಿದ ಮೇಲೆ ನನಗೆ ಅಳು ಬರಬೇಕಿತ್ತು, ಸಿಟ್ಟು ಬಂತು.

"ಮೂರು ವರ್ಷ ದುಡಿದದ್ದು ಪೆಟ್ಟಿಗಿಯಾಗ ಬಿಟ್ಟು ಈ ಹಾಡಿನ ಡಬ್ಬಿ ತಂದಿಯಲ್ಲೋ. ಬುದ್ಧಿ ಅದನೋ ಇಲ್ಲೋ ನಿನಗ?"

"ವಹೀದ್ ಭಾಯಿ ಸ್ಟೇಷನ್ನಾಗ ಇರತಾರಲ್ಲ ಆಪಾ," ಅಂದ. "ಬಾಕಿನ ಮ್ಯಾಲೆ ಯಾರ್ ನಿದ್ದಿ ಹೊಡೀತಿರತಾರ ಅವರ ಹತ್ರ ಇಳಿಸ್ರಿ, ಸರಪಳಿ ಮುರೀರಿ ಅಂತ ಸೊಲ್ಲಾಪುರದವರೊಬ್ಬರಿಗೆ ಹೇಳೀನಿ. ಮೋಸದ ಮನುಷ್ಯ ಅಲ್ಲ, ಇಳಿಸ್ತಾರ."

ಬಸ್ಸು ನಕ್ಕಿತು. ನನಗೂ ನಗೆ ಬಂತು. ಆಮೇಲೆ ಅವನು ಬಂದ ದಾರಿ ಹೇಳತೊಡಗಿದ. ಸಮುದ್ರ ದಾಟಿದ್ದು ಗೊತ್ತೇ ಆಗಲಿಲ್ಲವಂತೆ. ಬಾಂಬೆಯಲ್ಲಿ ವಿಮಾನ ಇಳಿದ ಮೇಲೆ ಹೊರಗೆ ರೈಲಿಲ್ಲ, ಹೇಳುವವರಿಲ್ಲ. ಟ್ಯಾಕ್ಸಿ ಹಿಡಿದು ಅಂಧೇರಿ, ಅಲ್ಲಿಂದ ಪೆಟ್ಟಿಗೆ ತಲೆ ಮೇಲೆ ಹೊತ್ತು ಲೋಕಲ್ಲಿನಲ್ಲಿ ದಾದರ್, ಅಲ್ಲಿ ಈ ಗಾಡಿ. "ಆಕಾಶಕ್ಕಿಂತ ನೆಲಾನೇ ದೂರ ಆತು ಆಪಾ" ಅಂದ. ಸುತ್ತ ನಿಂತವರು ಬಾಯಿ ಬಿಟ್ಟು ಕೇಳುತ್ತಿದ್ದರು.

ಹೊರಗೆ ಕತ್ತಲಾಗುತ್ತಿತ್ತು. ಜೋಳದ ಹೊಲಗಳು ಹಿಂದೆ ಹೋಗುತ್ತಿದ್ದವು. ಪಾಷಾ ಮಾತು ನಿಲ್ಲಿಸಿ ಟೇಪ್ ರೆಕಾರ್ಡರಿನ ಮೇಲೆ ಕೈ ಆಡಿಸುತ್ತಿದ್ದ.

"ಪೆಟ್ಟಿಗಿ ಸಿಗಲಿಲ್ಲಂದ್ರ ಇನ್ನೊಂದು ದುಡೀತೀನಿ," ಅಂದ. "ಇದರಾಗ ಅಮ್ಮಿ ಅದಾಳ."

ಆಗ ನೆನಪಾಯಿತು. ಅಮ್ಮಿಗೆ ಓದು ಬರಹ ಇರಲಿಲ್ಲ. ನೆರೆಮನೆಯ ಟೇಪ್ ತಂದು, ನಮ್ಮನ್ನೆಲ್ಲ ಹೊರಗೆ ಅಟ್ಟಿ, ಬಾಗಿಲು ಮುಚ್ಚಿಕೊಂಡು ಮಗನಿಗಾಗಿ ಕ್ಯಾಸೆಟ್ಟಿನಲ್ಲಿ ಮಾತಾಡುತ್ತಿದ್ದಳು. ಜೆಡ್ಡಾಕ್ಕೆ ಹೋಗುವ ಮಾನ್ವಿಯ ಹುಡುಗರ ಕೈಯಲ್ಲಿ ಕಳಿಸುತ್ತಿದ್ದಳು. ಏನು ಹೇಳಿದೆ ಅಂತ ಕೇಳಿದರೆ "ನಿನ್ನ ದೂರು ಹೇಳೀನಿ" ಅನ್ನುತ್ತಿದ್ದಳು. ಅವಳು ಹೋದ ಮೇಲೆ ಮನೆಯಲ್ಲಿ ಅವಳ ಬಳೆಯ ಗಂಟಿತ್ತು, ಚಪ್ಪಲಿ ಇತ್ತು, ಧ್ವನಿ ಇರಲಿಲ್ಲ. ಅದೆಲ್ಲ ಜೆಡ್ಡಾದಲ್ಲಿತ್ತು.

ಪಾಷಾ ಗುಂಡಿ ಒತ್ತಿದ. ಮೊದಲು ಕೋಳಿ ಕೂಗಿತು, ನಮ್ಮ ಹಿತ್ತಲಿನದೇ. ಆಮೇಲೆ ಕೆಮ್ಮು. ಆಮೇಲೆ ಅಮ್ಮಿ.

"ಬಸ್ ಛೋಡ್ ನಕ್ಕೋ ರೇ ಬೇಟಾ," ಅಂದಳು. ಮುಂದಿನದು ನಮ್ಮ ಮನೆಮಾತಿನಲ್ಲಿತ್ತು, ನಿಮಗೆ ಕನ್ನಡದಲ್ಲಿ ಹೇಳುತ್ತೇನೆ. "ವಿಮಾನ ಇಳದಿ ಅಂದ್ರ ಸೀದಾ ಗಾಡಿ ಹತ್ತು. ರಾಯಚೂರಾಗ ದೋಸ್ತರ ಸಂಗಟ ಚಾ ಕುಡಕೋತ ನಿಂದ್ರಬ್ಯಾಡ, ಕಡೀ ಬಸ್ಸು ಯಾರಿಗೂ ಕಾಯಂಗಿಲ್ಲ. ನಿಮ್ಮ ಅಕ್ಕಗ ಹೇಳಿರತೀನಿ, ಟವೆಲ್ ಹಾಕಿರತಾಳ. ಅಕಿ ಬಾಯಿ ಜೋರು, ಆದ್ರ ಸೀಟು ಮಾತ್ರ ಯಾರಿಗೂ ಬಿಟ್ಟುಕೊಡಾಕಿಲ್ಲ."

ಕೆಳಗೆ ನೋಡಿದೆ. ಮೂಕಮ್ಮನ ಮಗಳು ಆ ಟವೆಲ್ ಮೇಲೆ ಕೂತು ತಲೆ ವಾಲಿಸಿ ಮಲಗಿದ್ದಳು. ನನ್ನ ತಮ್ಮ ಕಂಬಿ ಹಿಡಿದು ನಿಂತಿದ್ದ. ಇಷ್ಟು ದಿನ ಮನೆ ತುಂಬ ಜನ ಇದ್ದಾಗಲೂ ಬಾರದ ಅಳು ಆ ಬಸ್ಸಿನಲ್ಲಿ ಬಂತು. ನಾನು ಅತ್ತೆ, ಯಾರು ನೋಡಿದರೂ ನೋಡಲಿ ಅಂತ ಅತ್ತೆ.

ಮೂಕಮ್ಮ ನನ್ನ ಸೆರಗು ಜಗ್ಗಿದಳು.

"ಏನಂತಾಳವ್ವಾ ನಿಮ್ಮವ್ವ?"

"ಕಡೀ ಬಸ್ ಬಿಡಬ್ಯಾಡ ಅಂತಾಳ."

ಮೂಕಮ್ಮ ಪಾಷಾನ ಕಡೆ ಒಮ್ಮೆ ನೋಡಿದಳು, ಟೇಪಿನ ಕಡೆ ಒಮ್ಮೆ ನೋಡಿದಳು. ಆಮೇಲೆ ಆ ಡಬ್ಬಿಯ ಹತ್ತಿರ ಬಗ್ಗಿ, ಒಳಗಿದ್ದವಳಿಗೆ ಕೇಳುವ ಹಾಗೆ ಹೇಳಿದಳು.

"ಹತ್ಯಾನ ಬಿಡ ಯವ್ವಾ, ಹತ್ಯಾನ."