ಯಾರೂ ಹೆಸರು ಹೇಳದ ಹಕ್ಕಿ

ಅಂದು ನಲ್ಲಿಯ ಹತ್ತಿರ ಜಗಳವಾಗಲಿಲ್ಲ.

ಚೀಕಲಪರ್ವಿಯ ಆ ಓಣಿಯಲ್ಲಿ ನೀರು ಬಂತೆಂದರೆ ಜಗಳವೂ ಬಂತೆಂದೇ ಅರ್ಥ. ಯಾರ ಕೊಡ ಮುಂದೆ, ಯಾರದು ಹಿಂದೆ ಎಂಬುದು ತೀರ್ಮಾನವಾಗುವಷ್ಟರಲ್ಲಿ ನೀರೇ ನಿಂತುಹೋಗುತ್ತಿತ್ತು. ಆದರೆ ಮೌನೇಶ್ವರಿ ಕೊಡ ಹಿಡಿದು ಬಂದಾಗ ಹೆಂಗಸರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಅವಳ ಗಂಡ ವಿನೋದನನ್ನು ಮಣ್ಣು ಮಾಡಿ, ಮೂರನೇ ದಿನದ ಕಾರ್ಯ ಮುಗಿಸಿ, ನೆಂಟರೆಲ್ಲ ಹಿಂದಿನ ದಿನವಷ್ಟೇ ಬಸ್ಸು ಹತ್ತಿದ್ದರು. ಇನ್ನು ಕಸ ಗುಡಿಸಬೇಕು, ಒಲೆ ಹೊತ್ತಿಸಬೇಕು, ನೀರು ತರಬೇಕು. ಅಂಥ ಮೊದಲ ಬೆಳಗು ಅದು.

“ನೀನ ಮೊದ್ಲು ತುಂಬ್ಕ ಯವ್ವಾ,” ಎಂದಳು ಎದುರು ಮನೆಯ ಕನಕಮ್ಮ.

“ನಿಮ್ಮ ಪಾಳಿ ಅದಲ್ರೀ.”

“ಇರ್ಲಿ. ಜಲ್ದಿ ತುಂಬ್ಕಂಡು ಹೋಗು.”

ಮರುಕ ಇರಬೇಕು ಎಂದುಕೊಂಡಳು ಮೌನೇಶ್ವರಿ. ಆದರೆ ಮರುಕಪಡುವವರು ಮುಖ ನೋಡುತ್ತಾರೆ. ಇವರು ಅವಳ ಮನೆಯ ಮಾಳಿಗೆ ನೋಡುತ್ತಿದ್ದರು. ಒಬ್ಬಳು ಕಂಕುಳ ಕೂಸಿನ ಕಣ್ಣಿಗೆ ಸೆರಗು ಮುಚ್ಚಿದಳು. ಹಿಂದಿನಿಂದ ಪಿಸುಮಾತು ಕೇಳಿತು.

“ಅದು ಮತ್ತ ಬಂದಿತ್ತಂತೇನು?”

“ಬಾಯಿ ಮುಚ್ಚಬೇ. ಆಕಿ ಇಲ್ಲೇ ನಿಂತಾಳ.”

ಮನೆಗೆ ಬಂದರೆ ಅತ್ತೆ ಗದ್ದೆಮ್ಮ ಅಂಗಳದ ಬೇವಿನ ಗಿಡದ ಕೆಳಗೆ ಚಾದರ ಹೊದ್ದು ಕುಳಿತಿದ್ದಳು. ರಾತ್ರಿಯೂ ಅಲ್ಲಿಯೇ ಮಲಗಿದ್ದಳು. ಒಳಗೆ ಸೆಕೆ ಎಂದಿದ್ದಳು. ಆದರೆ ಆಗ ಚಳಿಗಾಲ.

“ಒಳಗ ಬರ್ರಿ ಅತ್ತೀ. ಚಾ ಮಾಡ್ತೀನಿ.”

“ಹೊರಗ ತಂದು ಕೊಡು. ಆ ಮನ್ಯಾಗ ನಾ ಕಾಲಿಡಂಗಿಲ್ಲ.”

“ಯಾಕ್ರೀ?”

“ಅದು ಮಾಳಗಿ ಮ್ಯಾಲ ಕುಂತಿತ್ತು. ಊರಿಗೆಲ್ಲ ಗೊತ್ತದ, ನಿನಗ ಗೊತ್ತಿಲ್ಲೇನು?”

“ಯಾವುದು ಕುಂತಿತ್ತು?”

ಗದ್ದೆಮ್ಮ ಸೊಸೆಯನ್ನು ದಿಟ್ಟಿಸಿದಳು. “ಸತ್ತ ಮನ್ಯಾಗ ಅದರ ಹೆಸರು ಹೇಳಬಾರ್ದು. ಹೇಳಿದ್ರ ತಿರುಗಿ ಬರ್ತದ. ಇಷ್ಟು ಓದಿದಾಕಿ, ಇದು ಗೊತ್ತಿಲ್ಲ?”

ಆ ಸೀಮೆಯಲ್ಲಿ ಹಿರಿಯರ ಮಾತು ಹೀಗಿದೆ: ಗೂಗಿ, ಎಂದರೆ ಗೂಬೆ, ಮಾಳಿಗೆಯ ಮೇಲೆ ಕುಳಿತರೆ ಮನೆ ಬಿಡಬೇಕು. ಬಾಗಿಲು ಮುಚ್ಚಬೇಕು. ಅರ್ಧ ವರ್ಷ ಒಲೆ ಹೊತ್ತಬಾರದು. ಬಿಡದಿದ್ದರೆ ಆ ಮನೆಯಲ್ಲಿ ಇನ್ನೊಂದು ಹೆಣ ಬೀಳುತ್ತದೆ. ಓಣಿಯ ಕೊನೆಯಲ್ಲಿ ಅಂಥ ಒಂದು ಮನೆಯಿತ್ತು. ಬಿಟ್ಟವರು ಮರಳಲಿಲ್ಲ. ಈಗ ಅದರೊಳಗೆ ಜಾಲಿ ಬೆಳೆದಿದೆ.

ಅಷ್ಟರಲ್ಲಿ ಫೋನು ಬಂತು. ದೇವದುರ್ಗದಿಂದ ಭಾವ ಯಮನೂರಪ್ಪ. ವಿನೋದನ ಒಡಹುಟ್ಟಿದ ಅಣ್ಣ.

“ನೋಡಮ್ಮ, ಶುಕ್ರವಾರ ಟಂಟಂ ಗಾಡಿ ತರ್ತೀನಿ. ಅವ್ವನ್ನ, ನಿನ್ನ ಇಬ್ರನ್ನೂ ಕರ್ಕಂಡು ಬರ್ತೀನಿ. ಸಾಮಾನು ಕಟ್ಟಿಡು. ಮನಿ ಮುಚ್ಚಬೇಕು.”

“ಯಾಕ್ರೀ ಭಾವಾರ?”

“ಯಾಕಂತ ಕೇಳಬ್ಯಾಡ. ಫೋಟೋ ನೋಡೀನಿ. ಅದು ಕುಂತದ.”

“ನನ್ನ ಕಾಲೇಜು...”

“ಜೀವಕ್ಕಿಂತ ಕಾಲೇಜು ದೊಡ್ಡದೇನು?” ಫೋನು ಇಟ್ಟುಬಿಟ್ಟ.

ಮೌನೇಶ್ವರಿ ಮಾನ್ವಿಯ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಿದ್ದಳು. ಕಾಯಂ ಕೆಲಸವಲ್ಲ. ಅರ್ಧ ವರ್ಷ ಹೋಗದಿದ್ದರೆ ಆ ಕುರ್ಚಿಯಲ್ಲಿ ಬೇರೆಯವರು ಕುಳಿತಿರುತ್ತಾರೆ. ಈ ಎರಡು ಕೋಣೆಯ ಮನೆಯನ್ನು ಅವಳೂ ವಿನೋದನೂ ಸೇರಿ ಕಟ್ಟಿದ್ದರು. ಬಾಗಿಲಿಗೆ ಬಣ್ಣ ಹಚ್ಚುವುದಿನ್ನೂ ಬಾಕಿಯಿತ್ತು. ಭಾವನಿಗೆ ಈ ಮನೆಯ ಮೇಲೆ ಕಣ್ಣಿದೆಯೇ? ಅಳು ಬರಬೇಕಾದ ಜಾಗದಲ್ಲಿ ಅವಳಿಗೆ ಅನುಮಾನ ಬಂತು. ಅನುಮಾನಕ್ಕೆ ಕಣ್ಣೀರು ಬೇಕಾಗುವುದಿಲ್ಲ.

ಫೋಟೋ ತೆಗೆದವನು ಕನಕಮ್ಮನ ಗಂಡ ತಾಯಣ್ಣ ಎಂದು ಗದ್ದೆಮ್ಮನಿಂದಲೇ ತಿಳಿಯಿತು. ಮೌನೇಶ್ವರಿ ನೇರವಾಗಿ ಅವನ ಮನೆಗೆ ಹೋದಳು. ತಾಯಣ್ಣ ಹಲ್ಲುಜ್ಜುತ್ತಿದ್ದವನು ಬಾಯಿ ತೊಳೆಯುವುದನ್ನೂ ಮರೆತ.

“ನಿಮ್ಮ ಫೋನಿನಾಗ ನಮ್ಮ ಮನಿ ಫೋಟೋ ಅದಂತಲ್ರೀ. ತೋರಸ್ರಿ.”

“ಬ್ಯಾಡಮ್ಮ. ನೋಡಬಾರ್ದು.”

“ಓಣಿ ಮಂದಿಯೆಲ್ಲ ನೋಡ್ಯಾರ. ಮನಿಯಾಕಿ ನೋಡಬಾರ್ದೇನು?”

ಒಳಗಿನಿಂದ ಕನಕಮ್ಮ ಕೂಗಿದಳು. “ತೋರಸು, ತೋರಸು! ಗ್ರೂಪಿಗಿ ಹಾಕಾಗ ಭಾರಿ ಉಮೇದಿ ಇತ್ತಲ್ಲ!”

ತಾಯಣ್ಣ ಫೋನು ಕೊಟ್ಟ. ಮೂರನೇ ದಿನ ಎಲ್ಲರೂ ಮಸಣಕ್ಕೆ ಕೂಳಿಡಲು ಹೋದಾಗ ತೆಗೆದ ಚಿತ್ರ. ಮಾಳಿಗೆಯ ನೀರಿನ ಟ್ಯಾಂಕಿನ ಮೇಲೆ ಒಂದು ಹಕ್ಕಿ. ದೂರದಿಂದ ಹಿಗ್ಗಿಸಿ ತೆಗೆದದ್ದರಿಂದ ಎಲ್ಲವೂ ಮಸುಕು. ಆದರೂ ಬಿಳಿಯ ದುಂಡು ಮುಖ, ನೇರ ನೋಡುವ ಎರಡು ಕೆಂಪು ಕಣ್ಣು ಕಾಣುತ್ತಿದ್ದವು. ಮೌನೇಶ್ವರಿಯೂ ಒಮ್ಮೆ ಅಂಜಿದಳು.

“ಇದು ಯಾವ ಹಕ್ಕಿ?” ಎಂದು ಕೇಳಿದಳು.

“ಅದ ಅದು.”

“ಅದು ಅಂದ್ರ?”

“ಅದು ಅಂದ್ರ ಅದು. ಎಲ್ರೂ ಅದ ಅಂದ್ರು.”

ಆಗ ಅವಳಿಗೆ ಹೊಳೆಯಿತು. ಓಣಿಯಲ್ಲಿ ಒಬ್ಬರೂ ಹಕ್ಕಿಯ ಹೆಸರು ಹೇಳಿರಲಿಲ್ಲ. ಹೆಸರು ಹೇಳದ ಮೇಲೆ ‘ಹೌದೋ ಅಲ್ಲವೋ’ ಎಂದು ಕೇಳುವುದಾದರೂ ಹೇಗೆ? ಒಬ್ಬರು ‘ಅದು’ ಎಂದರೆ ಇನ್ನೊಬ್ಬರು ಗೋಣು ಹಾಕಿದ್ದರು. ಅಷ್ಟೇ.

ಅವಳು ಓಣಿಯ ಗ್ರೂಪಿನಲ್ಲಿ ತಿರುಗುತ್ತಿದ್ದ ಪ್ರತಿಯನ್ನು ಪಡೆದು ರಾಯಚೂರಿನ ಗೆಳತಿ ಕಲ್ಯಾಣಿಗೆ ಕಳಿಸಿದಳು. ಇಬ್ಬರೂ ವಿಶ್ವವಿದ್ಯಾಲಯದಲ್ಲಿ ಒಂದೇ ಹಾಸ್ಟೆಲಿನಲ್ಲಿ ಇದ್ದವರು. ಕಲ್ಯಾಣಿ ಈಗ ಪ್ರಾಣಿಶಾಸ್ತ್ರದ ಅಧ್ಯಾಪಕಿ. ರಜೆ ಬಂದರೆ ಕೆರೆ, ಗುಡ್ಡ ಸುತ್ತಿ ಹಕ್ಕಿ ನೋಡುವ ಹುಚ್ಚು ಅವಳಿಗೆ. ಕೂಡಲೇ ಫೋನು ಬಂತು.

“ಮೌನಾ, ಇದು ಯಾರ್‍ಯಾರ ಕೈಯಾಗೋ ತಿರುಗಿ ಹಾಳಾದ ಫೋಟೋ. ಒಂದ ಫೋಟೋ ನೋಡಿ ನಾ ಹೇಳಂಗಿಲ್ಲ. ತೆಗೆದವರ ಫೋನಿನಾಗ ಮೂಲ ಫೋಟೋ ಇರ್ತದ. ಬೇರೆ ಏನರ ತೆಗೆದಾರೇನು ಕೇಳು. ಎಷ್ಟೊತ್ತಿಗಿ ತೆಗೆದ್ರು ಅದನ್ನೂ ಕೇಳು.”

ಕೇಳಿದಾಗ ತಾಯಣ್ಣ ತಲೆ ಕೆರೆದುಕೊಂಡ. “ಇನ್ನೆರಡು ಅವ. ಚಲೋ ಬಂದಿಲ್ಲ.”

“ಚಲೋ ಬಂದಿಲ್ಲ ಅಂದ್ರ?”

“ಒಂದ್ರಾಗ ಮಾರಿ ಆ ಕಡಿ ಮಾಡ್ಯದ. ಇನ್ನೊಂದ್ರಾಗ ಹಾರಾಕತ್ತದ. ಅಂಜಿಕಿ ಬರೋದು ಇದೊಂದರಾಗೇ. ಅದಕ್ಕ ಇದನ್ನ ಕಳಿಸಿದ್ನಿ.”

“ಅಯ್ಯ, ನಿನ್ನ ಬುದ್ಧಿಗಿಷ್ಟು!” ಎಂದಳು ಒಳಗಿದ್ದ ಕನಕಮ್ಮ.

ಮರುದಿನ ಕಲ್ಯಾಣಿ ತಾನೇ ಬಸ್ಸು ಹತ್ತಿ ಮಾನ್ವಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಊರಿಗೆ ಬಂದಳು. ಗೆಳತಿಯ ಕೈ ಹಿಡಿದು ಸ್ವಲ್ಪ ಹೊತ್ತು ಕುಳಿತಳು. ಆಮೇಲೆ ಬೇವಿನ ಗಿಡದ ಕೆಳಗೆ ಗದ್ದೆಮ್ಮನ ಎದುರು ಚಾಪೆ ಹಾಸಿದಳು. ಕನಕಮ್ಮ, ತಾಯಣ್ಣ ಇಬ್ಬರೂ ಬಂದು ಕಟ್ಟೆಯ ಮೇಲೆ ಕುಳಿತರು. ಗದ್ದೆಮ್ಮ ಮುಖ ತಿರುಗಿಸಿದಳು.

“ಈಕಿನ್ನ ನೀನ ಕರ್ಸೀದಿ. ನೀ ಏನಂತೀಯೋ ಅದನ್ನ ಅಂತಾಳ,” ಎಂದಳು ಸೊಸೆಗೆ.

“ಇಲ್ಲಬೇ ಅವ್ವ. ನಾ ಏನೂ ಹೇಳಂಗಿಲ್ಲ. ನೀವ ನೋಡಿ ಹೇಳ್ರಿ,” ಎಂದು ಕಲ್ಯಾಣಿ ತಾಯಣ್ಣನ ಫೋನಿನಲ್ಲಿ ಎರಡನೆಯ, ಹಕ್ಕಿ ಬದಿಗೆ ತಿರುಗಿದ್ದ ಚಿತ್ರ ತೆರೆದಳು. “ಮೊದ್ಲು ಮಾರಿ ಬಿಟ್ಟು ಮೈ ನೋಡ್ರಿ. ಇಷ್ಟು ದಿನ ಎಲ್ರೂ ಕಣ್ಣನ್ನ ನೋಡೀರಿ. ಈ ಫೋಟೋದಾಗ ಹೆಗಲ ಮ್ಯಾಲ ಏನದ?”

ಗದ್ದೆಮ್ಮ ಓರೆಗಣ್ಣಿನಿಂದ ನೋಡಿದಳು. “ಕರ್ರಗ ಪಟ್ಟಿ ಅದ.”

“ಮೈ ಯಾವ ಬಣ್ಣ?”

“ಮ್ಯಾಲ ಬೂದಿ. ಹೊಟ್ಟಿ ಬೆಳ್ಳಗ.”

“ಕೊಕ್ಕು? ಒಂದು ಕಡಿಯಿಂದ ಕಾಣ್ತದ ನೋಡ್ರಿ. ಗೂಗಿ ಕೊಕ್ಕು ಮಾರಿ ತುಪ್ಪಳದಾಗ ಹುದುಗಿರ್ತದ...”

“ಏ! ಹೆಸರು ಹೇಳಬ್ಯಾಡ!” ಗದ್ದೆಮ್ಮ ಕಿವಿ ಮುಚ್ಚಿಕೊಂಡಳು. ತಾಯಣ್ಣ ಕಟ್ಟೆಯಿಂದ ಇಳಿದು ಎರಡು ಹೆಜ್ಜೆ ಹಿಂದೆ ಹೋದ.

“ಆತು, ಹೇಳಂಗಿಲ್ಲ. ಇದರ ಕೊಕ್ಕು ಹೊರಗ ಬಾಗೇದ. ಹದ್ದಿಂದು ಇರ್ತದಲ್ಲ, ಹಂಗ. ಮಾರಿ ಸುತ್ತ ತಟ್ಟಿಯಂಗ ದುಂಡನ ಅಂಚಿಲ್ಲ. ಇನ್ನ ತಾಯಣ್ಣಾರ, ಇದನ್ನ ಎಷ್ಟೊತ್ತಿಗಿ ತೆಗೆದ್ರಿ?”

“ಹೊತ್ತು ಏರಿತ್ರೀ. ಬಿಸಲು ಚಟಚಟ ಅಂತಿತ್ತು.”

“ಅದು ಹಗಲೊತ್ತು ಚಟಚಟ ಬಿಸಲಾಗ, ಬಯಲಾಗ, ಟ್ಯಾಂಕಿನ ಮ್ಯಾಲ ಬಂದು ಕುಂದರ್ತದೇನು? ಸಾಮಾನ್ಯವಾಗಿ ಪೊಟರ್‍ಯಾಗ, ಸಂದ್ಯಾಗ ಮಲಗಿರ್ತದ.”

ಕಲ್ಯಾಣಿ ಮೂರನೆಯ ಚಿತ್ರ ತೆರೆದಳು. ನದಿಯ ಕಡೆಯ ಭತ್ತದ ಗದ್ದೆಯ ಮೇಲೆ ರೆಕ್ಕೆ ಮೇಲೆತ್ತಿದ ಹಕ್ಕಿ.

“ಅವ್ವ, ನೀವು ಗದ್ದ್ಯಾಗ ಕಳೆ ತೆಗೆದವ್ರು. ಮುಗಲಾಗ ನಿಂತಲ್ಲೇ ನಿಂತು ರೆಕ್ಕಿ ಬಡಿಯೋ ಹಕ್ಕಿ ನೋಡೀರೇನು?”

ಗದ್ದೆಮ್ಮ ಚಾದರ ಸರಿಸಿದಳು. “ನೋಡೀನಲ್ಲ. ದಾರ ಕಟ್ಟಿ ಇಳಿಬಿಟ್ಟಂಗ ನಿಂತಿರ್ತದ. ಆಮ್ಯಾಲ ಕಾಲು ಇಳಿಬಿಟ್ಟು ಇಲಿ ಮ್ಯಾಲ ಬೀಳ್ತದ. ಸುಗ್ಗ್ಯಾಗ ಭಾಳ ಬರ್ತಿದ್ವು.”

“ಇದು ಅದ ಇರಬೇಕು. ಪುಸ್ತಕದಾಗ ರಾಮದಾಸ ಹದ್ದು ಅಂತಾರ. ಕಾಗಿಗಿಂತ ಸ್ವಲ್ಪ ಸಣ್ಣದು. ಕಣ್ಣು ಕೆಂಪಗ, ಮಾರಿ ಬೆಳ್ಳಗ. ಎದುರಿನಿಂದ ನೋಡಿದ್ರ ಭಾಳ ಮಂದಿ ಮೋಸ ಹೋಗ್ತಾರ.”

“ಇರಬೇಕು ಅಂತೀದಿ. ಖರೇ ಅಂತ ಹೇಳ್ವಲ್ಲಿ,” ಎಂದಳು ಗದ್ದೆಮ್ಮ.

“ಫೋಟೋ ಮ್ಯಾಲ ಇಷ್ಟ ಹೇಳಬಹುದು. ಹಕ್ಕಿ ನೋಡಿದ್ರ ಪಕ್ಕಾ ಹೇಳಬಹುದು. ಯಾರೂ ಕಲ್ಲು ಹೊಡೀಬ್ಯಾಡ್ರಿ, ಸುಮ್ಕ ಕುಂತು ನೋಡಮು.”

ಕುಳಿತರು. ಕನಕಮ್ಮ ಚಹಾ ತಂದಳು. ಮೌನೇಶ್ವರಿ ಮಾತ್ರ ಮಾಳಿಗೆ ನೋಡಲಿಲ್ಲ. ಅವಳ ತಲೆಯಲ್ಲಿ ಬೇರೆಯೇ ಪ್ರಶ್ನೆ ಇತ್ತು.

“ಕಲ್ಯಾಣಿ, ಅದು ಖರೇನ ಗೂಗಿ ಇದ್ದಿದ್ರ?” ಎಂದಳು. ಹೆಸರನ್ನು ಸ್ಪಷ್ಟವಾಗಿಯೇ ಹೇಳಿದಳು. “ಆಗ ನಾ ಮನಿ ಬಿಡಬೇಕಿತ್ತೇನು?”

ತಾಯಣ್ಣ ಥಟ್ಟನೆ ಮಾಳಿಗೆಯ ಕಡೆ ನೋಡಿದ.

“ಯಾಕ ಬಿಡಬೇಕು?” ಎಂದಳು ಕಲ್ಯಾಣಿ. “ಅದೂ ಇಲಿ ತಿಂದು ಬದುಕೋ ಹಕ್ಕಿ. ರಾತ್ರಿ ಬೆಳಿ ಅದು ಕಾಯ್ತದ, ಹಗಲಿ ಇದು ಕಾಯ್ತದ. ಅದನ್ನ ಹಿಡಿಯೋದು, ಹೊಡಿಯೋದು ಕಾನೂನಿನಾಗ ಅಪರಾಧ.”

“ನನ್ನ ಮಗ?” ಗದ್ದೆಮ್ಮ ಸೊಸೆಯ ಕಡೆ ತಿರುಗಿದಳು. “ಮತ್ತ ನನ್ನ ಮಗ ಯಾಕ ಹೋದ?”

ಮೌನೇಶ್ವರಿ ಅತ್ತೆಯ ಬಳಿ ಕುಳಿತಳು. “ಕಾಮಾಲಿ ಆಗಿ ಲಿವರ್ ಕೆಟ್ಟಿತ್ತು ಅತ್ತೀ. ಡಾಕ್ಟರ್ ಹೇಳ್ಯಾರ. ನಾಟಿ ಔಷಧ ಅಂತ ನಾವು ತಡ ಮಾಡಿದ್ವಿ. ಹಕ್ಕಿ ಕುಂತಿದ್ದು ಅವ್ರು ಹೋದ ಮ್ಯಾಲ.”

ಗದ್ದೆಮ್ಮ ಸೊಸೆಯ ಮೊಣಕೈಯನ್ನು ಹಿಡಿದುಕೊಂಡಳು. ಬಿಡಲಿಲ್ಲ.

ಬಿಸಿಲು ಬಲಿತಾಗ ಅದು ಬಂತು. ಗದ್ದೆಯ ಕಡೆಯಿಂದ ಹಾರಿ ಬಂದು ಟ್ಯಾಂಕಿನ ಮೇಲೆ ಕುಳಿತಿತು. ಕಾಲಲ್ಲಿ ಇಲಿ. ಬೂದು ಬೆನ್ನು, ಕಪ್ಪು ಹೆಗಲು. ಬಾಲವನ್ನು ಮೇಲೆ ಕೆಳಗೆ ಆಡಿಸುತ್ತ ಇಲಿಯನ್ನು ಹರಿದು ತಿನ್ನತೊಡಗಿತು.

“ಅಯ್ಯ ಶಿವನೇ!” ಎಂದಳು ಗದ್ದೆಮ್ಮ. ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ತಾಯಣ್ಣನ ಕಡೆ ತಿರುಗಿದಳು. “ಲೇ ತಾಯಣ್ಣ, ಇದು ಗೂಗಿ ಏನಲೇ? ಗೂಗಿ ನೋಡೀದಿಲ್ಲೋ ಹುಟ್ಟಿದಾಗಿಂದ? ನನ್ನ ಚಳ್ಯಾಗ ಮಲಗಿಸಿದ್ಯಲ್ಲೋ!”

“ನಾ ಎಲ್ಲಿ ಗೂಗಿ ಅಂದ್ನಿ ಯವ್ವಾ? ಅದು ಅಂದ್ನಿ ಅಷ್ಟ.”

“ಅದಕ್ಕ ಇಷ್ಟೆಲ್ಲ ಆತು,” ಎಂದಳು ಕನಕಮ್ಮ. “ಗ್ರೂಪಿಗಿ ಹಾಕು ಈಗ. ಮೂರೂ ಫೋಟೋ ಹಾಕು.”

ಗದ್ದೆಮ್ಮ ಚಾದರ ಮಡಚಿ, ಹೊಸ್ತಿಲು ದಾಟಿ ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒಲೆಯ ಹೊಗೆ ಕಂಡಿತು.

ಓದುಗರೇ, ನಿಮ್ಮ ಮಾಳಿಗೆಯ ಮೇಲೂ ಒಂದು ದಿನ ಗುರುತಿಲ್ಲದ ಹಕ್ಕಿ ಕುಳಿತೀತು. ಫೋನಿನಲ್ಲಿ ಒಂದು ಚಿತ್ರ ಬಂದೀತು. ಅಂಜಿಕೆ ಬರುವ ಚಿತ್ರವನ್ನೇ ಆರಿಸಿ ಮುಂದೆ ಕಳಿಸಬೇಡಿ. ದೂರದಿಂದಲೇ, ಬದಿಯಿಂದಲೂ ಹಿಂದಿನಿಂದಲೂ ಒಂದೆರಡು ಚಿತ್ರ ತೆಗೆಯಿರಿ. ಕಾಗೆಗಿಂತ ದೊಡ್ಡದೋ ಸಣ್ಣದೋ ನೋಡಿ. ಕೊಕ್ಕು, ಹೆಗಲು, ಬಾಲ ನೋಡಿ. ಯಾವ ಜಾಗ, ಯಾವ ಹೊತ್ತು ಎಂದು ನೆನಪಿಡಿ. ತಿಳಿದವರನ್ನು ಕೇಳಿ, ಇಲ್ಲವೇ ಅರಣ್ಯ ಇಲಾಖೆಯವರನ್ನು ಕೇಳಿ. ಗೂಡು ಮುಟ್ಟಬೇಡಿ, ಕಲ್ಲು ಎಸೆಯಬೇಡಿ. ಗೂಗಿಯೇ ಆಗಿದ್ದರೂ ಅದು ಹಕ್ಕಿ, ಇಲಿ ತಿನ್ನುವ ಹಕ್ಕಿ. ಅದರ ಹೆಸರನ್ನು ಬಾಯಿತುಂಬ ಹೇಳಿ. ಹಕ್ಕಿಗೆ ಅಂಜಿ ಯಾವ ಮನೆಯ ಬಾಗಿಲನ್ನೂ ಮುಚ್ಚಿಸಬೇಡಿ. ಅದರಲ್ಲೂ ಗಂಡನನ್ನು ಕಳೆದುಕೊಂಡವಳ ಬಾಗಿಲನ್ನು.

ಶುಕ್ರವಾರ ಯಮನೂರಪ್ಪ ಟಂಟಂ ತಂದ. ಒಳಗೆ ಬರದೆ ಅಂಗಳದಲ್ಲಿಯೇ ನಿಂತ. ಅವ್ವ ಗದರಿಸಿ ಮಾಳಿಗೆ ತೋರಿಸಿದಳು. ಟ್ಯಾಂಕಿನ ಮೇಲೆ ಕುಳಿತಿದ್ದ ಹಕ್ಕಿಯನ್ನು ಅವನು ನೋಡಿದ.

“ತಮ್ಮ ಹೋದ. ಇನ್ನ ನೀವಿಬ್ರೂ ಹೋಗಿಬಿಟ್ರ ಅಂತ ನಿದ್ದಿ ಇಲ್ಲಮ್ಮ ನನಗ,” ಎಂದ.

ಅದು ಸುಳ್ಳಿನ ಮುಖವಲ್ಲ. ಅವನ ಮೇಲಿನ ತನ್ನ ಅನುಮಾನಕ್ಕೂ ಒಂದು ಮಸುಕು ಚಿತ್ರವಷ್ಟೇ ಆಧಾರವಾಗಿತ್ತು ಎಂದು ಮೌನೇಶ್ವರಿಗೆ ಅನ್ನಿಸಿತು. ಅವಳು ಒಳಗೆ ಹೋಗಿ ಮೊಳೆಗೆ ತೂಗುಹಾಕಿದ್ದ ದೊಡ್ಡ ಹಿತ್ತಾಳೆ ಬೀಗವನ್ನು ಕೀಲಿಯ ಸಮೇತ ತಂದಳು. ರಾಯಚೂರಿನ ದವಾಖಾನೆಗೆ ಹೊರಡುವ ದಿನ, ಮನೆಯ ಬೀಗ ತುಕ್ಕು ಹಿಡಿದಿದೆಯೆಂದು ವಿನೋದ ಅಣ್ಣನಿಂದ ಇಸಕೊಂಡದ್ದು ಅದು.

“ಇದು ನಿಮ್ದು ಭಾವಾರ. ಒಯ್ರಿ,” ಎಂದಳು. “ನಾವು ಮನ್ಯಾಗೇ ಇರ್ತೀವಿ.”