ಹುಲಿಗೆವ್ವನ ಗಂಜಿಯ ಫ್ಲಾಸ್ಕು

ನಾನು ಒಂದು ಫ್ಲಾಸ್ಕು. ಹೊರಗೆ ನೀಲಿ ಬಣ್ಣದ ತಗಡು, ತಲೆಯ ಮೇಲೆ ಲೋಟದಂಥ ಮುಚ್ಚಳ, ಒಳಗೆ ಗಾಜು. ಜನ ನನ್ನನ್ನು ‘ಬಿಸಿ ಫ್ಲಾಸ್ಕು’ ಎನ್ನುತ್ತಾರೆ. ಶುದ್ಧ ಸುಳ್ಳು. ಈ ಜನ್ಮದಲ್ಲಿ ನಾನು ಒಂದು ತೊಟ್ಟು ನೀರನ್ನೂ ಬಿಸಿ ಮಾಡಿದವನಲ್ಲ. ಯಾರೋ ಬಿಸಿ ಮಾಡಿ ಸುರಿಯುತ್ತಾರೆ, ಅದು ಓಡಿಹೋಗದಂತೆ ನಾನು ಬಾಗಿಲು ಕಾಯುತ್ತೇನೆ. ಅಷ್ಟೇ ನನ್ನ ಉದ್ಯೋಗ.

ಹುಟ್ಟಿದ್ದು ಗಾಜಿನ ಕಾರ್ಖಾನೆಯಲ್ಲಿ, ಉರಿಯುವ ಬೆಂಕಿಯ ಮುಂದೆ. ಒಂದು ಗಾಜಿನ ಸೀಸೆಯೊಳಗೆ ಇನ್ನೊಂದು ಸೀಸೆ ಇಟ್ಟು, ಎರಡನ್ನೂ ಕತ್ತಿನ ಹತ್ತಿರ ಬೆಸೆದರು. ನಡುವೆ ಬೆಳ್ಳಿಯ ನೀರು ಓಡಿಸಿ ಕನ್ನಡಿಯಂತೆ ಹೊಳೆಯುವ ಹಾಗೆ ಮಾಡಿದರು. ಆಮೇಲೆ ಕೆಳಗಿನ ಸಣ್ಣ ಕೊಳವೆಯಿಂದ ನಡುವಿನ ಗಾಳಿಯನ್ನೆಲ್ಲ ಎಳೆದು ತೆಗೆದು, ಕೊಳವೆಯ ಬಾಯನ್ನು ಉರಿಯಲ್ಲಿ ಕರಗಿಸಿ ಮುಚ್ಚಿದರು. ಅಂದಿನಿಂದ ನನ್ನ ಎರಡು ಗೋಡೆಗಳ ನಡುವೆ ಏನೂ ಇಲ್ಲ. ಗಾಳಿ ಕೂಡ ಇಲ್ಲ. ಒಳಗಿನ ನಾನು ಹೊರಗಿನ ನನ್ನನ್ನು ಕತ್ತಿನಲ್ಲಿ ಮಾತ್ರ ಮುಟ್ಟುತ್ತೇನೆ. ಒಂಟಿತನ ನನಗೆ ಹುಟ್ಟಿನಿಂದಲೇ ಬಂದದ್ದು, ಯಾರನ್ನು ದೂರಲಿ?

ಕುಷ್ಟಗಿಯ ಪಾತ್ರೆ ಅಂಗಡಿಯಲ್ಲಿ ಬಹಳ ಕಾಲ ಕುಳಿತಿದ್ದೆ. ಅಲ್ಲಿ ಕೊಡ, ತಪ್ಪಲೆ, ತಾಟುಗಳೆಲ್ಲ ಒಂದಕ್ಕೊಂದು ತಾಗಿ ಇಡೀ ದಿನ ಗದ್ದಲ ಮಾಡುತ್ತಿದ್ದವು. ನನ್ನನ್ನು ಮಾತ್ರ ರಟ್ಟಿನ ಡಬ್ಬಿಯಲ್ಲಿ ಹಾಕಿ ಮೇಲಿನ ಹಲಗೆಯ ಮೇಲೆ ಇಟ್ಟಿದ್ದರು. ಯಾರಾದರೂ ಕೈ ಚಾಚಿದರೆ ಅಂಗಡಿಯವನು, “ಒಡೆಯೂ ಸಾಮಾನ ಐತಿ, ಮುಟ್ಟಬ್ಯಾಡ್ರಿ” ಎನ್ನುತ್ತಿದ್ದ. ಮುಟ್ಟದೆ ಕೊಳ್ಳುವವರು ಯಾರು? ಕೊನೆಗೆ ಒಂದು ಹಳ್ಳಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ತಿಪ್ಪಣ್ಣ ಮಾಸ್ತರರು ಬಂದರು. ಅವರಿಗೆ ಚಹಾ ಬೇಕಿರಲಿಲ್ಲ, ಪಾಠಕ್ಕೆ ನಾನು ಬೇಕಿತ್ತು.

ನಾನು ಏನು ಎಂಬುದು ನನಗೇ ಗೊತ್ತಾದದ್ದು ಅವರ ತರಗತಿಯಲ್ಲಿ. ನನ್ನನ್ನು ಮೇಜಿನ ಮೇಲೆ ನಿಲ್ಲಿಸಿ ಅವರು ಹೇಳಿದರು: “ಬಿಸಿ ಯಾವಾಗಲೂ ಬಿಸಿ ಇದ್ದಲ್ಲಿಂದ ತಣ್ಣಗ ಇದ್ದಲ್ಲಿಗೆ ಹೋಗತೈತಿ. ತಾನಾಗೇ ತಿರುಗಿ ಬರಂಗಿಲ್ಲ. ಹೋಗಾಕ ಅದಕ್ಕ ಮೂರು ದಾರಿ.” ಬಿಸಿ ಸಾರಿನಲ್ಲಿಟ್ಟ ಸೌಟಿನ ಹಿಡಿ ಸುಡುವುದು ವಹನ. ಒಲೆಯ ಮೇಲಿನ ನೀರು ಕೆಳಗೆ ಕಾದು ಮೇಲೇರುವುದು ಸಂವಹನ. ನಡುವೆ ಏನೂ ಇಲ್ಲದಿದ್ದರೂ ಸೂರ್ಯನ ಬಿಸಿ ಬಂದು ನಮ್ಮನ್ನು ತಟ್ಟುವುದು ವಿಕಿರಣ. ಈ ಮೂರನ್ನೂ ಕಟ್ಟಿಹಾಕುವುದು ನನ್ನ ಕೆಲಸವಂತೆ. ಪೂರ್ತಿ ಕಟ್ಟಿಹಾಕಲು ಯಾರಿಂದಲೂ ಆಗದು, ತಡ ಮಾಡಬಹುದು ಎಂದೂ ಸೇರಿಸಿದರು. ಇನ್ನೊಂದು ಮಾತನ್ನೂ ಅವರು ಒತ್ತಿ ಹೇಳುತ್ತಿದ್ದರು. ಒಂದು ಲೋಟ ಕುದಿಯುವ ನೀರಿಗೂ ಒಂದು ಕೊಡ ಕುದಿಯುವ ನೀರಿಗೂ ತಾಪ ಒಂದೇ. ಆದರೆ ಒಳಗಿರುವ ಉಷ್ಣ ಬೇರೆ. ಲೋಟ ಬೇಗ ಆರುತ್ತದೆ, ಕೊಡ ನಿಧಾನ.

ಪಾಠ ಮುಗಿದ ಮೇಲೆ ನನ್ನನ್ನು ಮನೆಗೆ ಒಯ್ದರು. ಆ ಮನೆಯಲ್ಲಿ ಇದ್ದವರು ಇಬ್ಬರೇ, ಮಾಸ್ತರರು ಮತ್ತು ಅವರ ಅಕ್ಕ ಹುಲಿಗೆವ್ವ. ಅಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದು, ತಾಯಿಯಿಲ್ಲದ ತಮ್ಮನನ್ನು ಸಾಕಿದವಳು. ಮಾಸ್ತರರಿಗೆ ಮದುವೆಯಾಗಿರಲಿಲ್ಲ. ಯಾಕೆ ಎಂದು ಫ್ಲಾಸ್ಕಿಗೆ ಯಾರು ಹೇಳುತ್ತಾರೆ? ಊರಿಗೆಲ್ಲ ಅವರು ಮಾಸ್ತರರು, ಅವಳೊಬ್ಬಳಿಗೆ ತಿಪ್ಪ. ಅವಳದು ಒಂದೇ ಹಟ: ಆರಿದ್ದನ್ನು ತಾನೂ ಉಣ್ಣಳು, ತಮ್ಮನಿಗೂ ಉಣಿಸಳು. ನನ್ನನ್ನು ನೋಡಿ ಮೂಗು ಮುರಿದಳು.

“ಒಲಿ ಇರೂ ಮನ್ಯಾಗ ಇದ್ಯಾತಕ್ಕೋ ತಿಪ್ಪಾ? ಬೇಕಂದಾಗ ಕಾಸಿ ಕೊಡಾಕ ನಾ ಇಲ್ಲೇನು?”

ಮಾತು ಸರಿಯಾಗಿಯೇ ಇತ್ತು. ನಾನು ಒಲೆಯ ಪಕ್ಕದ ಗೋಡೆಯ ಎತ್ತರದ ಹಲಗೆ, ಅವರ ಮಾತಿನಲ್ಲಿ ಮಾಡು, ಅದರ ಮೇಲೆ ಕುಳಿತು ಧೂಳು ಹೊದ್ದುಕೊಂಡೆ. ವರ್ಷಕ್ಕೊಮ್ಮೆ ಉಷ್ಣದ ಪಾಠ ಬಂದಾಗ ಶಾಲೆಗೆ ಹೋಗಿ ಬರುವುದು, ಮತ್ತೆ ಮಾಡು. ಕೆಳಗೆ ಅವರಿಬ್ಬರೂ ಬಿಸಿ ರೊಟ್ಟಿ ಮುರಿದು ಉಣ್ಣುವುದನ್ನು ನೋಡುತ್ತಿದ್ದೆ. ಹೊಟ್ಟೆಕಿಚ್ಚು ಪಡುತ್ತಿದ್ದೆ ಎಂದರೂ ತಪ್ಪಲ್ಲ.

ಹುಲಿಗೆವ್ವನಿಗೆ ಹೊಟ್ಟೆಯ ಆಪರೇಷನ್ ಆದಾಗ ನನ್ನನ್ನು ಕೆಳಗಿಳಿಸಿದರು. ಜಿಲ್ಲೆಯ ದೊಡ್ಡ ಆಸ್ಪತ್ರೆಗೆ ಅವಳನ್ನು ಸೇರಿಸಿದ್ದರು. ಹೆಂಗಸರ ವಾರ್ಡಿನಲ್ಲಿ ಗಂಡಸರು ರಾತ್ರಿ ಉಳಿಯುವಂತಿಲ್ಲ, ಆದ್ದರಿಂದ ಮಾಸ್ತರರು ದಿನವೂ ಬಸ್ಸಿನಲ್ಲಿ ಹೋಗಿ ಬರುತ್ತಿದ್ದರು. ಆಪರೇಷನ್ ಸುಸೂತ್ರವಾಗಿತ್ತು. ಆದರೆ ಅವಳು ಉಣ್ಣಲು ಬಾಯಿ ತೆರೆಯಲೊಲ್ಲಳು. ಆಸ್ಪತ್ರೆಯ ಅನ್ನ ಆರಿದೆ ಎಂದು ದೂಡಿದಳು. ಹೋಟೆಲಿನ ಇಡ್ಲಿಯನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಡಾಕ್ಟರು ಮಾಸ್ತರರನ್ನು ಪಕ್ಕಕ್ಕೆ ಕರೆದು ಹೇಳಿದರು: “ಹೊಲಿಗಿ ಮಾಯಾಕತ್ತಾವ್ರಿ. ಆದ್ರ ಹೊಟ್ಟಿಗೆ ಏನಾರ ಹೋಗಬೇಕು. ಉಂಡ್ರ ಎದ್ದು ಕುಂದರತಾರ. ಇಲ್ಲಂದ್ರ ನನ್ನ ಕೈಯಾಗ ಏನಿಲ್ಲ.”

ಅಂದು ಸಂಜೆ ಮಾಸ್ತರರು ಜೀವಮಾನದಲ್ಲಿ ಮೊದಲ ಸಲ ಒಲೆಯ ಮುಂದೆ ಕುಳಿತರು. ಪಕ್ಕದ ಮನೆಯ ಶರಣವ್ವ ಗೋಡೆಯಾಚೆಯಿಂದಲೇ ಗಂಜಿ ಮಾಡುವುದನ್ನು ಹೇಳಿಕೊಟ್ಟಳು. ಮರುದಿನ ಬೆಳಿಗ್ಗೆ ಗಂಜಿ ಕಾಯಿಸಿ, ಅಕ್ಕ ಕುಡಿಯುವುದೇ ಒಂದು ಗುಟುಕು ಎಂದು ನನ್ನ ತಳ ಮುಚ್ಚುವಷ್ಟು ಮಾತ್ರ ಸುರಿದುಕೊಂಡು ಹೊರಟರು. ತಣ್ಣನೆಯ ನನ್ನ ಗಾಜು ಆ ಚೂರು ಗಂಜಿಯ ಬಿಸಿಯನ್ನು ಊರು ದಾಟುವ ಮೊದಲೇ ನುಂಗಿಬಿಟ್ಟಿತು. ಹುಲಿಗೆವ್ವ ತುಟಿಗೆ ಹಚ್ಚಿ ಮುಖ ತಿರುಗಿಸಿದಳು.

“ಆರೈತಿ, ತಿಪ್ಪಾ.”

ವಾಪಸು ಬಸ್ಸಿನಲ್ಲಿ ನನ್ನನ್ನು ತೊಡೆಯ ಮೇಲಿಟ್ಟುಕೊಂಡ ಮಾಸ್ತರರು ಇದ್ದಕ್ಕಿದ್ದಂತೆ ಹಣೆ ಬಡಿದುಕೊಂಡರು. “ತಾಪ ಒಂದ, ಉಷ್ಣ ಬ್ಯಾರೆ,” ಎಂದು ಗೊಣಗಿದರು. ಇಷ್ಟು ವರ್ಷ ಮಕ್ಕಳಿಗೆ ಬರೆಸಿದ್ದೇ ಬರೆಸಿದ್ದು, ಒಲೆಯ ಮುಂದೆ ಕುಳಿತಾಗ ನೆನಪಾಗಬೇಕಲ್ಲ. ಮರುದಿನ ಮೊದಲು ನನ್ನೊಳಗೆ ಕುದಿಯುವ ನೀರು ಹಾಕಿ ಕುಲುಕಿ ಚೆಲ್ಲಿದರು. ಆಮೇಲೆ ಕತ್ತಿನವರೆಗೆ ಗಂಜಿ ತುಂಬಿ, ಬಿರಡೆ ಬಿಗಿದು, ಟವೆಲ್ ಸುತ್ತಿ ಎದೆಗೆ ಒತ್ತಿಕೊಂಡರು. ನಾನೂ ಶಕ್ತಿ ಮೀರಿ ಕಾದೆ. ಬಸ್ಸು ಕುಲುಕಿತು, ನಿಂತಿತು, ಜನ ಹತ್ತಿದರು, ಇಳಿದರು, ನಾನು ಬಿಸಿಯನ್ನು ಬಿಟ್ಟುಕೊಡಲಿಲ್ಲ. ವಾರ್ಡಿನಲ್ಲಿ ಬಿರಡೆ ತೆಗೆದಾಗ ಹಬೆ ಎದ್ದಿತು. ಹುಲಿಗೆವ್ವ ಒಂದು ಗುಟುಕು ಕುಡಿದು ತಮ್ಮನ ಮುಖವನ್ನೇ ನೋಡಿದಳು. ನಂತರ ಇಡೀ ಮುಚ್ಚಳ ಖಾಲಿ ಮಾಡಿದಳು.

“ಸೇರತೈತೇನಕ್ಕಾ?”

“ಬಿಸಿ ಐತಿ. ಇನ್ನೊಂಚೂರು ಹಾಕು.”

“ನಾನೂ ಒಂದೀಟು ರುಚಿ ನೋಡ್ಲಿ?”

“ಜಡ್ಡಿನಾಕಿ ಗಂಜಿಗೆ ಬಾಯಿ ಹಾಕ್ತೀಯೇನು, ನಾಚಿಗಿಲ್ಲದವನ! ನೀ ಹೋಗಿ ಉಣ್ಣಹೋಗು.”

ದಿನವೂ ಹೀಗೆಯೇ ನಡೆಯಿತು. ಅವಳ ಕಣ್ಣಿಗೆ ಕಳೆ ಬಂತು. ದಿಂಬಿಗೆ ಒರಗಿ ಕೂರತೊಡಗಿದಳು, ಪಕ್ಕದ ಕಾಟಿನ ಹೆಂಗಸಿನಿಂದ ತಲೆ ಬಾಚಿಸಿಕೊಂಡಳು, ನರ್ಸಿಗೆ ನನ್ನನ್ನು ತೋರಿಸಿ “ನನ್ನ ತಮ್ಮನ ಗಂಜಿ” ಎಂದಳು. ನನಗೋ ನೆಲದ ಮೇಲೆ ಕಾಲಿಲ್ಲ. ಈ ಹೆಂಗಸು ಬದುಕುತ್ತಿರುವುದು ನನ್ನಿಂದ, ನಾನು ಕಾಯ್ದ ಬಿಸಿಯಿಂದ ಎಂದು ಬೀಗಿದೆ. ಆಗ ನಾನು ಒಂಟಿಯಾಗಿರಲಿಲ್ಲ.

ಆ ಬೆಳಿಗ್ಗೆಯೂ ಬಸ್ಸು ಸಮಯಕ್ಕೇ ಬಂತು. ಗಂಜಿ ತುಂಬಿಕೊಂಡೇ ಹೋದೆವು. ವಾರ್ಡಿನ ಬಾಗಿಲಲ್ಲಿ ನರ್ಸು ಮಾಸ್ತರರನ್ನು ತಡೆದಳು.

“ಮುಂಜಾನೆ ಎದಿ ನೋವು ಅಂದ್ರು, ಸರ. ಡಾಕ್ಟರ್ ಬರೂದ್ರೊಳಗ ಹೋಗಿಬಿಟ್ರು.”

ಮಾಸ್ತರರು ನನ್ನನ್ನು ಕಾಟಿನ ಪಕ್ಕದ ಸಣ್ಣ ಕಪಾಟಿನ ಮೇಲೆ ಇಟ್ಟರು. ಅಕ್ಕನ ಕೈ ಹಿಡಿದು ಕುಳಿತರು. ಸ್ವಲ್ಪ ಹೊತ್ತಿಗೆ ಆ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಇಟ್ಟು ತಿಕ್ಕತೊಡಗಿದರು. ಜೀವವಿರುವ ಮೈ ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಜೀವ ಹೋದ ಮೇಲೆ ಅದು ಮೆಲ್ಲಗೆ ಕೋಣೆಯ ತಾಪಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಇದನ್ನು ಪಾಠ ಮಾಡಿದವರೇ ಅವರು. ಗೊತ್ತಿದ್ದೂ ತಿಕ್ಕಿದರು. ಅವರ ಬಿಸಿ ಅವಳ ಕೈಗೆ ಹೋಗುತ್ತಿತ್ತು, ಅಲ್ಲಿಂದ ಏನೂ ಬರುತ್ತಿರಲಿಲ್ಲ. ನಾನು ಒಂದು ಗೇಣು ದೂರದಲ್ಲಿ, ಕತ್ತಿನವರೆಗೆ ಬಿಸಿ ತುಂಬಿಕೊಂಡು, ಸುಮ್ಮನೆ ನಿಂತಿದ್ದೆ. ಎಷ್ಟು ಬಿಸಿಯಿದ್ದರೇನು, ಕೊಡಲು ಬರಬೇಕಲ್ಲ.

ಮಧ್ಯಾಹ್ನ ಅವಳನ್ನೂ ಜೊತೆಗೆ ನನ್ನನ್ನೂ ಊರಿಗೆ ತಂದರು. ಹೊತ್ತು ಮುಳುಗುವ ಮೊದಲೇ ಮಣ್ಣು ಮಾಡಿ ಬಂದರು. ಸತ್ತವರ ಮನೆಯಲ್ಲಿ ಅಂದು ಒಲೆ ಹಚ್ಚುವುದಿಲ್ಲ. ಮೊದಲು ಮಾಡಿಟ್ಟ ಅಡುಗೆ, ತುಂಬಿಟ್ಟ ನೀರು ಎಲ್ಲವನ್ನೂ ಚೆಲ್ಲಿ ಮನೆ ತೊಳೆಯುತ್ತಾರೆ, ಊಟ ಪಕ್ಕದವರು ತರುತ್ತಾರೆ. ಶರಣವ್ವ ಸೆರಗು ಸಿಕ್ಕಿಸಿ ಕೊಡಗಳನ್ನು ಬರಿದು ಮಾಡಿದಳು, ಗಡಿಗೆಗಳನ್ನು ಬೋರಲು ಹಾಕಿದಳು. ಕೊನೆಗೆ ಕಟ್ಟೆಯ ಮೇಲಿದ್ದ ನನ್ನನ್ನು ಬಚ್ಚಲಿಗೆ ಒಯ್ದು ಬಿರಡೆ ಕಿತ್ತಳು. ಹಬೆ ಅವಳ ಮುಖಕ್ಕೆ ತಟ್ಟಿತು.

“ಅಯ್ಯ ಶಿವನೇ, ಇನ್ನೂ ಬಿಸಿ ಐತ್ರೀ.”

ಗೋಡೆಗೆ ಒರಗಿ ಕುಳಿತಿದ್ದ ಮಾಸ್ತರರು ಎದ್ದು ಬಂದರು. “ಚೆಲ್ಲಬ್ಯಾಡವ್ವ.”

“ಸೂತಕದ್ದರಿ ಅದು. ಉಣಬಾರದು. ರೊಟ್ಟಿ ತಂದೀನಿ, ಅದನ್ನ ಉಣ್ರಿ.”

“ನಮ್ಮಕ್ಕನ ಪಾಲಿಂದು ಅದು. ಚೆಲ್ಲಾಕ ಬಿಡಂಗಿಲ್ಲ.”

ನನ್ನನ್ನು ಅವಳ ಕೈಯಿಂದ ತೆಗೆದುಕೊಂಡು ಮುಚ್ಚಳಕ್ಕೆ ಬಗ್ಗಿಸಿಕೊಂಡರು. ಹಿಂದಿನ ದಿನದಿಂದ ಅವರ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಒಂದು ಗುಟುಕು ಕುಡಿದರು. ತಡೆದರು. ಇನ್ನೊಂದು ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಬಹಳ ಹೊತ್ತು ನಿಂತು, ನುಂಗಿದರು.

“ಶರಣವ್ವ, ಗಂಜಿಗೆ ಉಪ್ಪು ಹಾಕ್ತಾರೇನು?”

“ಉಪ್ಪು ಹಾಕಲಾರದ ಹೆಂಗ್ರಿ? ಅದನ್ನೂ ಹೇಳಬೇಕೇನು? ಉಪ್ಪಿಲ್ಲದ್ದು ಯಾರ ಬಾಯಾಗ ಇಳೀತೈತಿ?” ಎಂದವಳು, ಮಾಸ್ತರರ ಮುಖ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ದಿನಾ ಕುಡದಾಳ,” ಎಂದರು ಮಾಸ್ತರರು. “ತಳ ಕಾಣೂಮಟ ಕುಡದಾಳ.” ಬೆಳಗಿನಿಂದ ಅಳದಿದ್ದವರು ಆಗ ಅತ್ತರು. ಅಳುತ್ತಲೇ ನನ್ನಲ್ಲಿದ್ದುದನ್ನೆಲ್ಲ ಕುಡಿದು ಮುಗಿಸಿದರು.

ಅದೇ ಕೊನೆ, ಆಮೇಲೆ ನನ್ನೊಳಗೆ ಯಾರೂ ಏನೂ ಹಾಕಲಿಲ್ಲ. ಬಿಸಿ ಹೊತ್ತು ಒಯ್ಯಲು ಮಾಸ್ತರರಿಗೆ ಯಾರಿದ್ದಾರೆ? ಅವರಿಗೆ ಈಗ ನಿವೃತ್ತಿಯೂ ಆಗಿದೆ. ನನಗೂ ವಯಸ್ಸಾಯಿತು. ಬಿರಡೆ ಒಣಗಿ ಪುಡಿಯಾಗಿದೆ, ಗಾಜಿಗೆ ಸೀಳು ಬಿಟ್ಟು ನನ್ನ ಗೋಡೆಗಳ ನಡುವೆ ಗಾಳಿ ಹೊಕ್ಕಿದೆ. ಇನ್ನು ಕುದಿಯುವ ನೀರು ಹಾಕಿದರೂ ಗಳಿಗೆಯಲ್ಲಿ ಆರುತ್ತದೆ. ಬಿಸಿಯ ವಿಷಯದಲ್ಲಿ ನನ್ನಷ್ಟು ಬಲ್ಲವರಿಲ್ಲ ಎಂದುಕೊಂಡಿದ್ದೆ. ದಿನವೂ ಆ ಗಂಜಿಯನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋದವನು ನಾನೇ, ಅದರಲ್ಲಿ ಯಾವುದು ಕಡಿಮೆ ಎಂದು ನನಗೆ ತಿಳಿಯಲಿಲ್ಲ. ತಿಳಿದವಳು ಹೇಳಲಿಲ್ಲ.

ಮಾಸ್ತರರು ಈಗಲೂ ಸಂಜೆ ಗಂಜಿ ಕಾಯಿಸಿಕೊಳ್ಳುತ್ತಾರೆ. ಮಾಡಿನ ಮೇಲೆ ನನ್ನ ಪಕ್ಕಕ್ಕೆ ಶರಣವ್ವ ಉಪ್ಪಿನ ಡಬ್ಬಿ ತಂದಿಟ್ಟಿದ್ದಾಳೆ. ಅವರು ಕೈ ಎತ್ತಿದರೆ ಸಾಕು, ಸಿಗುತ್ತದೆ. ಎತ್ತುವುದಿಲ್ಲ. ಗಂಜಿಯನ್ನು ತಾಟಿಗೆ ಸುರಿದುಕೊಂಡು, ಬಿಸಿಯಿರುವಾಗಲೇ ಕುಡಿದು, ತಾಟು ತೊಳೆದು ಬೋರಲು ಹಾಕುತ್ತಾರೆ.