ಏಮೆ ಎಂದರೆ ಎಮ್ಮೆಯಲ್ಲ

ನಾನು ಒಂದು ಆಮೆ. ತುಳುವಿನಲ್ಲಿ ನನ್ನನ್ನು ಏಮೆ ಎನ್ನುತ್ತಾರೆ. ಹೆಸರಿನಲ್ಲೇನಿದೆ ಎಂದು ನೀವು ಕೇಳಬಹುದು. ಈ ಒಂದು ಹೆಸರಿನ ದೆಸೆಯಿಂದ ನಾನು ಕೆಲವು ತಿಂಗಳು ಕೋರ್ಟಿನ ಕಾಗದದಲ್ಲಿ ಕೊಂಬು, ಕೆಚ್ಚಲು ಎಲ್ಲ ಇರುವ ಪ್ರಾಣಿಯಾಗಿದ್ದೆ. ಆ ಕಥೆಯನ್ನು ಹೇಳಬೇಕೆಂದೇ ಇಷ್ಟು ದೂರ ಕುತ್ತಿಗೆ ಚಾಚಿದ್ದೇನೆ.

ಕರಾವಳಿಯ ಒಂದು ಬೈಲಿನಲ್ಲಿ, ಗದ್ದೆಯ ಬದುವಿನ ಮಣ್ಣಿನೊಳಗೆ ನಾನು ಮೊಟ್ಟೆಯೊಡೆದು ಹೊರಗೆ ಬಂದೆ. ಅಮ್ಮನನ್ನು ಕಂಡವನಲ್ಲ. ಮೊಟ್ಟೆಯಿಟ್ಟು ಮಣ್ಣು ಮುಚ್ಚಿದ ಮೇಲೆ ತಿರುಗಿ ನೋಡುವ ಪದ್ಧತಿ ನಮ್ಮ ಜಾತಿಯಲ್ಲಿಲ್ಲ. ನನಗೆ ಹುಟ್ಟಿನಿಂದ ಬಂದದ್ದು ಒಂದೇ ಚಟ, ಇದೇನು ಅದೇನು ಎಂದು ಇಣುಕುವುದು. ಆ ಚಟವೇ ನನ್ನನ್ನು ಹಿಡಿದುಕೊಟ್ಟಿತು. ಉಳುವ ಗದ್ದೆಯಲ್ಲಿ ನನ್ನ ಕಡೆಗೇ ಬರುತ್ತಿದ್ದ ಎರಡು ಕೆಸರುಗಾಲುಗಳು ಯಾರವು ಎಂದು ನೋಡುತ್ತ ನಿಂತಿದ್ದೆ. ಅವು ತ್ಯಾಂಪಣ್ಣನವು. ಅವರು ನನ್ನನ್ನು ಎತ್ತಿ ಮುಂಡಾಸಿನಲ್ಲಿ ಸುತ್ತಿಕೊಂಡು ಮನೆಗೆ ತಂದರು.

ಬಾವಿಗೆ ಒಂದು ಆಮೆ ಬಿಡುವುದು ಆ ಊರಿನ ಹಳೆಯ ಕ್ರಮ. ಬಿದ್ದ ಹುಳ, ಕೊಳೆತ ಎಲೆ ಎಲ್ಲವನ್ನೂ ತಿಂದು ಅದು ನೀರನ್ನು ಚೊಕ್ಕವಾಗಿಡುತ್ತದೆ ಎಂಬ ನಂಬಿಕೆ. ತ್ಯಾಂಪಣ್ಣ ನನ್ನನ್ನು ಬಕೆಟ್ಟಿನಲ್ಲಿ ಕೂರಿಸಿ ಹಗ್ಗ ಇಳಿಸಿದರು. ಅಲ್ಲಿಗೆ ನನ್ನ ಉದ್ಯೋಗ ಕಾಯಂ ಆಯಿತು. ಸಂಬಳವಿಲ್ಲ, ಆದರೆ ಊಟ, ವಸತಿ ಉಂಟು.

ಬಾವಿಯಲ್ಲಿ ಕಪ್ಪೆಗಳೂ ಇದ್ದವು. ಮೇಲೆ ಏನಿದೆ ಎಂದು ಅವು ಒಂದು ದಿನವೂ ಯೋಚಿಸಿದ್ದನ್ನು ನಾನು ಕಾಣೆ. ಬಾವಿಯೊಳಗಿನ ಕಪ್ಪೆ ಎಂದು ಗಾದೆ ಮಾಡಿದವರು ಸುಮ್ಮನೆ ಮಾಡಲಿಲ್ಲ. ನಾನು ಮಾತ್ರ ಕತ್ತೆತ್ತಿಯೇ ಇರುತ್ತಿದ್ದೆ. ಮನುಷ್ಯರನ್ನು ನಾನು ಬಲ್ಲದ್ದು ಕೆಳಗಿನಿಂದ. ತ್ಯಾಂಪಣ್ಣ ಎಂದರೆ ಬಿಳಿ ಕುರುಚಲು ಗಡ್ಡದ ಒಂದು ಗಲ್ಲ. ಅವರ ಅಕ್ಕನ ಮಗಳು ದೇಜು ಎಂದರೆ ಎರಡು ಜಡೆ ಮತ್ತು ಮುಂದಿನ ಹಲ್ಲುಗಳ ನಡುವಿನ ಸಂದು. ಆ ಹುಡುಗಿಗೂ ನನ್ನದೇ ಚಟ. ನಾನು ಮೇಲೆ ನೋಡುವುದು, ಅವಳು ಕೆಳಗೆ ನೋಡುವುದು, ಹೀಗೇ ನಮ್ಮ ಸ್ನೇಹವಾಯಿತು.

ಅವರದು ಅಳಿಯಕಟ್ಟಿನ ಕುಟುಂಬ, ಆಸ್ತಿ ಸೋದರಮಾವನಿಂದ ಅಕ್ಕತಂಗಿಯರ ಮಕ್ಕಳಿಗೆ ಹೋಗುವ ಪದ್ಧತಿ. ತ್ಯಾಂಪಣ್ಣ ತೀರಿಕೊಂಡ ಮೇಲೆ ಮನೆ, ಬಾವಿ, ಬಾವಿಯೊಳಗಿನ ನಾನು ಎಲ್ಲ ದೇಜುವಿಗೆ ಬಂದೆವು. ಅಷ್ಟರಲ್ಲಿ ಅವರು ಊರಿಗೆಲ್ಲ ದೇಜಕ್ಕ ಆಗಿದ್ದರು. ಗಂಡ ಮುಂಬಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದು ವರ್ಷಕ್ಕೊಮ್ಮೆ ಕಾಣಿಸುವ ಗಲ್ಲವಾಗಿದ್ದರು. ದೇಜಕ್ಕ ಆ ಬಾವಿಯ ನೀರಿನಲ್ಲೇ ಮಲ್ಲಿಗೆ ಗಿಡ ಸಾಕಿ, ಹೂ ಕಟ್ಟಿ ಮಾರಿ ಸಂಸಾರ ನಡೆಸಿದರು. ಬೆಳಿಗ್ಗೆ ಮೊದಲ ಕೊಡಪಾನ ಎತ್ತುವ ಮುಂಚೆ ಒಂದು ಹಿಡಿ ಕುಚ್ಚಲಕ್ಕಿ ಅನ್ನ ನನಗೆ ಬೀಳುತ್ತಿತ್ತು. ಬೇಸಿಗೆಯಲ್ಲಿ ಬತ್ತದ ಬಾವಿ ಅದೊಂದೇ ಆದದ್ದರಿಂದ ಸುತ್ತಲಿನ ಮನೆಯವರೂ ಅಲ್ಲಿಗೇ ಬರುತ್ತಿದ್ದರು.

ಬೈಲಿನ ಮೇಲಿನ ಗುಡ್ಡದಲ್ಲಿ ವಿಮಾನ ನಿಲ್ದಾಣವಿತ್ತು. ನನ್ನ ಆಕಾಶದಲ್ಲಿ ಒಂದು ವಿಮಾನ ಕಾಣುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅದು ಎಲ್ಲಿಂದ ಬರುತ್ತದೆ, ಎಲ್ಲಿಗೆ ಹೋಗುತ್ತದೆ, ಅದಕ್ಕೂ ಚಿಪ್ಪಿನೊಳಗೆ ಕಾಲು ಎಳೆದುಕೊಳ್ಳುವ ಅಭ್ಯಾಸ ಏಕೆ ಎಂದು ನಾನು ವರ್ಷಗಟ್ಟಲೆ ಯೋಚಿಸಿದ್ದೇನೆ. ಅದರ ಮೇಲೆ ನನಗೆ ಯಾವ ಸಿಟ್ಟೂ ಇರಲಿಲ್ಲ.

ಆಮೇಲೆ ನಿಲ್ದಾಣವನ್ನು ದೊಡ್ಡದು ಮಾಡಲು ಗುಡ್ಡ ಕಡಿದರು. ನೀರು ಸುಮ್ಮಸುಮ್ಮನೆ ನಡುಗತೊಡಗಿತು. ಮುಂದಿನ ಮಳೆಗೆ ಮೇಲಿನ ಹೊಸ ಚರಂಡಿ ನೇರ ನಮ್ಮ ಬೈಲಿಗೇ ಬಂದು ಬಿತ್ತು. ಬಾವಿಗೆ ಮೊದಲು ಕೆಂಪು ಮಣ್ಣು ಬಂತು. ಆಮೇಲೆ ಒಂದು ದಿನ ನೀರಿನ ಮೇಲೆ ಬಣ್ಣಬಣ್ಣದ ಪೊರೆ ಹರಡಿತು. ಕಾಮನಬಿಲ್ಲು ಕೆಳಗೆ ಬಿದ್ದಿದೆ ಎಂದು ನಾನು ಹಿಗ್ಗಿದೆ, ಹೋಗಿ ಬಾಯಿ ಹಾಕಿದೆ. ಎಣ್ಣೆ. ನನ್ನ ಕುತೂಹಲಕ್ಕೆ ಅಷ್ಟು ಕೆಟ್ಟ ರುಚಿ ಅದುವರೆಗೆ ಸಿಕ್ಕಿರಲಿಲ್ಲ.

ಬಾವಿಯ ಮುಗುಡು ಮೀನುಗಳು ಹೊಟ್ಟೆ ಮೇಲೆ ಮಾಡಿದವು. ನನ್ನ ಕಣ್ಣು ಊದಿಕೊಂಡು ತೆರೆಯಲಾಗದಂತಾಯಿತು. ದೇಜಕ್ಕ ಕೊಡಪಾನ ಎತ್ತಿ ಮೂಸಿದರು, ಅಂಗಳಕ್ಕೆ ಚೆಲ್ಲಿದರು. ಆ ದಿನದಿಂದ ಆ ಬಾವಿಯ ನೀರನ್ನು ಯಾರೂ ಬಾಯಿಗೆ ಹಾಕಲಿಲ್ಲ. ಮಲ್ಲಿಗೆ ಗಿಡಗಳು ಹಳದಿಯಾದವು ಎಂದು ಅವರ ಮಾತಿನಿಂದ ತಿಳಿಯಿತು.

ಹೀಗೆ ದೇಜಕ್ಕ ನಿಲ್ದಾಣದವರ ಮೇಲೆ ಕೇಸು ಹಾಕಿದರು. ಅವರ ವಕೀಲೆ ಶಾರ್ಲೆಟ್ ಬಾಯಿ ಬಾವಿಕಟ್ಟೆಯ ಮೇಲೆ ಕುಳಿತು ಮಾತನಾಡಿದ್ದೆಲ್ಲ ಕೆಳಗೆ ನನ್ನ ಚಿಪ್ಪಿನ ಮೇಲೆ ಬೀಳುತ್ತಿತ್ತು. ತಡೆಯಾಜ್ಞೆ ಎಂಬುದು ಒಂದು ಬಗೆಯ ಕಟ್ಟೆ ಎಂದೂ ಅಫಿಡವಿಟ್ ಎಂಬುದು ತಿನ್ನುವ ವಸ್ತುವೆಂದೂ ನಾನು ಊಹಿಸಿದ್ದೆ. ವಿಮಾನ ನಿಲ್ದಾಣದ ಕಡೆಯವರ ವಾದ ಸರಳವಾಗಿತ್ತು. ಗುಡ್ಡದ ನೀರು ಬಾವಿಗೆ ಇಳಿಯುವುದಿಲ್ಲ, ಊರಿನವರೇ ತಮ್ಮ ಬಾವಿಯನ್ನು ಸರಿಯಾಗಿ ಇಟ್ಟುಕೊಂಡಿಲ್ಲ.

ಅದಕ್ಕೆ ಉತ್ತರವಾಗಿ ದೇಜಕ್ಕನ ಹೇಳಿಕೆ ಬೇಕಾಯಿತು. ಮನೆಯಲ್ಲಿ ತುಳು ಮಾತನಾಡುವ ದೇಜಕ್ಕ ವಕೀಲರ ಕಚೇರಿಯಲ್ಲಿ ತಮಗೆ ಬಂದಷ್ಟು ಕನ್ನಡದಲ್ಲಿ ಎಲ್ಲ ಹೇಳಿದರು. ಬಾವಿಯಲ್ಲಿ ಮಾವನ ಕಾಲದಿಂದಲೂ ಒಂದು ಏಮೆ ಉಂಟು, ಈಗ ಅದರ ಕಣ್ಣೂ ಬಾತಿದೆ ಎಂದರು. ತುಳುವಿನಲ್ಲಿ ಎಮ್ಮೆಗೆ ಎರ್ಮೆ ಎನ್ನುವುದರಿಂದ ಏಮೆ ಎಂದರೆ ಯಾರಿಗೂ ತಪ್ಪು ತಿಳಿಯುವುದಿಲ್ಲ. ಆದರೆ ಟೈಪು ಮಾಡಿದವರು ಘಟ್ಟದ ಮೇಲಿನವರು. ಅವರಿಗೆ ಎಮ್ಮೆ ಎಂದು ಕೇಳಿಸಿತು, ಎಮ್ಮೆ ಎಂದೇ ಬರೆದರು. ದೇಜಕ್ಕ ಓದದೆ ಸಹಿ ಹಾಕಿದರು.

ಎದುರು ವಕೀಲರು ಓದದೆ ಬಿಡುತ್ತಾರೆಯೇ? ಬಾವಿಯಲ್ಲಿ ವರ್ಷಗಳಿಂದ ಎಮ್ಮೆ ಇದೆ ಎಂದು ಅರ್ಜಿದಾರರೇ ಒಪ್ಪಿದ್ದಾರೆ, ಹಾಗಿರುವಾಗ ನೀರು ಕೆಡದೆ ಇನ್ನೇನಾದೀತು ಎಂದು ಅವರು ಕೋರ್ಟಿನಲ್ಲಿ ಕೇಳಿದರಂತೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ. ಇಲ್ಲಿ ಎಳೆಯುವುದಕ್ಕೆ ಎಮ್ಮೆಯೂ ಇರಲಿಲ್ಲ.

ಶಾರ್ಲೆಟ್ ಬಾಯಿ ಈ ಸುದ್ದಿ ತಂದ ದಿನ ದೇಜಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ವಕೀಲೆ ಉಳಿದದ್ದನ್ನು ಹೇಳಿದರು. ಸ್ಥಳ ನೋಡಲು ಕೋರ್ಟು ಒಬ್ಬ ಕಮಿಷನರನ್ನು ಕಳುಹಿಸುತ್ತದೆ. ಅವರಿಗೆ ಆಮೆಯನ್ನು ತೋರಿಸಿದರೆ ತಪ್ಪು ಸರಿಯಾಗುತ್ತದೆ, ಆದರೆ ಆಮೆ ಕಾನೂನಿನ ಪ್ರಕಾರ ಕಾಡುಪ್ರಾಣಿ. ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ.

“ಏಮೆಯನ್ನು ತೋರಿಸಿದ್ರೆ ಅವರು ಅದನ್ನು ಕೊಂಡುಹೋಗ್ತಾರೆ ದೇಜಕ್ಕ,” ಎಂದರು ಅವರು. “ತೋರಿಸದಿದ್ರೆ ಬಾವಿಯಲ್ಲಿ ಎಮ್ಮೆಯೇ ಉಳೀತದೆ. ಕೇಸು ಅಲ್ಲಿಗೇ ಹೋಯ್ತು.”

ವಕೀಲೆ ಹೋದ ಮೇಲೂ ದೇಜಕ್ಕ ಬಾವಿಕಟ್ಟೆಗೆ ಗಲ್ಲವೂರಿ ನಿಂತಿದ್ದರು. ಜಡೆ ಬಿಳಿಯಾಗಿತ್ತು, ಹಲ್ಲಿನ ಸಂದು ಹಾಗೇ ಇತ್ತು. ನಾನು ಮುಚ್ಚಿಹೋಗುತ್ತಿದ್ದ ಕಣ್ಣಿನಿಂದ ಅವರನ್ನೇ ನೋಡುತ್ತಿದ್ದೆ. ಏನು ಮಾಡುತ್ತಾರೆ ಎಂದು ನನಗೆ ನಿಜವಾಗಿ ಗೊತ್ತಾಗಲಿಲ್ಲ.

ಕಮಿಷನರು ಶಿವಯೋಗಪ್ಪನವರು ಹಾವೇರಿ ಕಡೆಯವರು. ಎರಡೂ ಕಡೆಯ ವಕೀಲರೊಂದಿಗೆ ಬಂದು ಬಾವಿಯೊಳಗೆ ಬಗ್ಗಿದರು. ದಪ್ಪ ಮೀಸೆಯ ಹೊಸ ಮುಖ.

“ಎಮ್ಮಿ ಎಲ್ಲೈತ್ರೀ ಯವ್ವಾ?” ಎಂದು ಕೇಳಿದರು.

ಬಕೆಟ್ಟು ಇಳಿದು ಬಂತು. ಅದರೊಳಗೆ ಒಂದು ಹಿಡಿ ಅನ್ನ. ತಳಕ್ಕೆ ಹೋಗಿ ಕೆಸರಿನಲ್ಲಿ ಹುದುಗಿಬಿಟ್ಟಿದ್ದರೆ ನನ್ನನ್ನು ಯಾರೂ ಹಿಡಿಯುತ್ತಿರಲಿಲ್ಲ. ಆದರೆ ಇಷ್ಟು ಜನರನ್ನು ನನ್ನ ಬಾವಿಗೆ ಕರೆಸಿದ ಕೋರ್ಟು ಎಂದರೆ ಎಂಥದ್ದು ಎಂದು ನೋಡುವ ಆಸೆ. ಬಕೆಟ್ಟು ಓರೆಯಾದಾಗ ಒಳಗೆ ಹೋದೆ. ದೇಜಕ್ಕ ಹಗ್ಗ ಎಳೆದು ನನ್ನನ್ನು ಕಮಿಷನರ ಕೈಗೆ ಕೊಟ್ಟರು.

“ಇದು ನಮ್ಮ ಏಮೆ, ಸಾರ್,” ಎಂದರು ದೇಜಕ್ಕ. “ನನ್ನ ಮಾವ ಬಿಟ್ಟದ್ದು. ನೀವು ಇದರ ಕಣ್ಣು ನೋಡಿ. ನೀರಿನ ವಿಷಯ ಆಮೇಲೆ ಬರೀರಿ.”

ಶಿವಯೋಗಪ್ಪನವರಿಗೆ ಮೊದಲು ನಗು ಬಂತು. ಎಮ್ಮೆ ಹುಡುಕಿಕೊಂಡು ಬಂದವರ ಕೈಗೆ ಅಂಗೈಗಿಂತ ಸ್ವಲ್ಪ ದೊಡ್ಡ ನಾನು ಸಿಕ್ಕಿದ್ದೆ. ನನ್ನನ್ನು ತಿರುಗಿಸಿ ಊದಿದ ಕಣ್ಣು ನೋಡಿದ ಮೇಲೆ ಅವರು ನಗಲಿಲ್ಲ. ತಮ್ಮ ಬೆರಳನ್ನು ಮೂಸಿದರು, ಕರವಸ್ತ್ರಕ್ಕೆ ಒರೆಸಿದರು, ಮತ್ತೆ ಮೂಸಿದರು. ಬಾವಿಯಿಂದಲೂ ಗುಡ್ಡದ ಚರಂಡಿಯಿಂದಲೂ ನೀರು ತುಂಬಿಸಿ ಎಲ್ಲರೆದುರು ಬಾಟಲಿಗಳಿಗೆ ಅರಗಿನ ಮೊಹರು ಹಾಕಿಸಿದರು. ಕಾಡುಪ್ರಾಣಿಯನ್ನು ಅಕ್ರಮವಾಗಿ ಇಟ್ಟುಕೊಂಡಿದ್ದಾರೆ, ಇದನ್ನೂ ಬರೆದುಕೊಳ್ಳಿ ಎಂದು ಎದುರು ವಕೀಲರು ಒತ್ತಾಯಿಸಿದರು. ಶಿವಯೋಗಪ್ಪನವರು ಅದನ್ನೂ ಬರೆದುಕೊಂಡರು.

ಅರಣ್ಯ ಇಲಾಖೆಯ ಜೀಪು ಬಂದ ದಿನ ದೇಜಕ್ಕ ಟ್ಯಾಂಕರಿನ ನೀರಿನಲ್ಲಿ ನನ್ನ ಚಿಪ್ಪನ್ನು ತಿಕ್ಕಿ ತೊಳೆದರು. ನಮ್ಮ ಕಡೆ ಮನೆಯಿಂದ ಹೊರಡುವವರಿಗೆ ಹೋಗು ಎನ್ನುವುದಿಲ್ಲ, ಹೋಗಿ ಬಾ ಎನ್ನುತ್ತಾರೆ. ಅವರಿಗೆ ಎರಡೂ ಬಾಯಿಗೆ ಬರಲಿಲ್ಲ. ನನಗೂ ಅಂದು ಕತ್ತು ಹೊರಗೆ ಹಾಕುವ ಮನಸ್ಸಾಗಲಿಲ್ಲ. ಜೀವಮಾನದಲ್ಲಿ ನನಗೆ ಏನನ್ನೂ ನೋಡುವುದು ಬೇಡವೆನಿಸಿದ್ದು ಆ ಒಂದು ದಾರಿಯಲ್ಲಿ.

ಈಗ ನಾನು ಇಲಾಖೆಯ ಸಸಿತೋಟದ ಕೊಳದಲ್ಲಿದ್ದೇನೆ. ಕಣ್ಣು ವಾಸಿಯಾಗಿದೆ, ವಯಸ್ಸಾಗಿದೆ. ಕೊಳ ದೊಡ್ಡದು, ಜೊತೆಗೆ ಬೇರೆ ಆಮೆಗಳೂ ಇವೆ. ಅವುಗಳಿಗೆ ನನ್ನ ಎಮ್ಮೆಯ ಕಥೆ ಹೇಳಿದರೆ ನಂಬುವುದಿಲ್ಲ. ಕೇಸಿನ ತೀರ್ಪು ಬಂದದ್ದನ್ನು ಇಲ್ಲಿಯ ಗಾರ್ಡುಗಳ ಮಾತಿನಿಂದ ತಿಳಿದೆ. ಚರಂಡಿಯನ್ನು ಬೈಲಿಗೆ ಬಿಡಬಾರದು, ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿ ಎಣ್ಣೆ ತೆಗೆಯಬೇಕು, ಕೆಟ್ಟ ಬಾವಿಗಳನ್ನು ನಿಲ್ದಾಣದವರೇ ಶುದ್ಧ ಮಾಡಿಸಿಕೊಡಬೇಕು ಎಂದು ಆಜ್ಞೆಯಾಯಿತಂತೆ. ವಿಮಾನಗಳು ಹಾರುತ್ತಲೇ ಇವೆ. ಹಾರಲಿ.

ಮೊನ್ನೆ ದೇಜಕ್ಕ ಬಂದರು. ಜೊತೆಗೆ ಒಂದು ಪ್ಲಾಸ್ಟಿಕ್ ಬೋಗುಣಿ, ನಮ್ಮ ಬಾವಿಯ ನೀರು ತುಂಬಿದ ಒಂದು ಬಾಟಲಿ. ಗಾರ್ಡಿನ ಅನುಮತಿ ಕೇಳಿ ನನ್ನನ್ನು ಎತ್ತಿಸಿಕೊಂಡರು. ಬಾಟಲಿಯ ಅರ್ಧ ನೀರನ್ನು ಬೋಗುಣಿಗೆ ಸುರಿದು ನನ್ನನ್ನು ಅದರಲ್ಲಿ ಬಿಟ್ಟರು. ಎರಡು ಮಳೆಗಾಲ ಕಳೆದ ಮೇಲೆ ಬಾವಿಯ ನೀರನ್ನು ಪರೀಕ್ಷೆ ಮಾಡಿದವರು ಇನ್ನು ಕುಡಿಯಬಹುದು ಎಂದು ಬರೆದುಕೊಟ್ಟಿದ್ದಾರೆ, ಊರಿನವರು ಕುಡಿಯಲು ಶುರುಮಾಡಿದ್ದಾರೆ ಎಂದು ಗಾರ್ಡಿಗೆ ಹೇಳಿದರು. ತಾವಿನ್ನೂ ಬಾಯಿಗೆ ಹಾಕಿಲ್ಲ ಎಂದರು.

“ಅವರು ಹೇಳಿದ್ದಾಯ್ತು. ನೀನು ಹೇಳು,” ಎಂದು ನನ್ನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತರು.

ನಾನು ಅವಸರ ಮಾಡಲಿಲ್ಲ. ಅವರೂ ಮಾಡಲಿಲ್ಲ. ಮೊದಲು ಮೂಗು ಹೊರಗೆ ಹಾಕಿದೆ, ಆಮೇಲೆ ಒಂದು ಕಣ್ಣು ತೆರೆದೆ. ಉರಿಯಲಿಲ್ಲ. ಇನ್ನೊಂದನ್ನೂ ತೆರೆದು, ಕುತ್ತಿಗೆಯನ್ನು ಪೂರ್ತಿ ಚಾಚಿ, ಕುಡಿದೆ.

ದೇಜಕ್ಕ ಬಾಟಲಿ ಎತ್ತಿ, ಉಳಿದ ನೀರನ್ನು ಒಂದೇ ಉಸಿರಿಗೆ ಕುಡಿದರು.